ನಡುವಿನ ಸದ್ದು ಯಾವ ಕಡೆಗೆ ಹತ್ತಿರ? ಅಂಧ ಮಕ್ಕಳ ಜೊತೆ ನಾನು ಮಾಡುವ ಪರೀಕ್ಷೆ ಮತ್ತು ತರಬೇತಿ

ಹುಟ್ಟಿನಿಂದ ದೃಷ್ಟಿ ಇಲ್ಲದವರ ಕಿವಿ ಬಲು ಚುರುಕು ಎನ್ನುವುದು ಅರ್ಧ ನಿಜ. ಎಳವೆಯಲ್ಲೇ ದೃಷ್ಟಿ ಹೋದ ಕೆಲವರು ಒಂದು ಕಿವಿ ಮುಚ್ಚಿದರೂ ಸದ್ದಿನ ದಿಕ್ಕು ಹೇಳುತ್ತಾರೆಂದು 1998ರಲ್ಲಿ ಮಾಂಟ್ರಿಯಲ್‌ನ ಸಂಶೋಧಕರು ತೋರಿಸಿದರು. ಹಾಗೆ ಚೆನ್ನಾಗಿ ಹೇಳುವವರ ಮಿದುಳಿನ ಹಿಂಭಾಗದಲ್ಲಿ, ನೋಡುವ ಕೆಲಸಕ್ಕೆಂದೇ ಇರುವ ಕಾರ್ಟೆಕ್ಸ್ (ಮಿದುಳಿನ ಹೊರಪದರ) ಸದ್ದಿಗೆ ಚುರುಕಾಗುತ್ತದೆ ಎಂಬುದು 2005ರಲ್ಲಿ ಗೊತ್ತಾಯಿತು. ಶ್ರುತಿಯ ಏರಿಳಿತ ಗುರುತಿಸುವುದರಲ್ಲೂ ಇಂಥವರು ಮುಂದು.

ಇನ್ನರ್ಧ 2014ರಲ್ಲಿ ಹೊರಬಂತು. ಇಟಲಿಯ ಮೋನಿಕಾ ಗೋರಿ ಮತ್ತು ಸಂಗಡಿಗರು ಮೂರು ಸದ್ದುಗಳನ್ನು ಒಂದರ ಹಿಂದೊಂದು ಕೇಳಿಸಿ, ನಡುವಿನದು ಮೊದಲಿನದಕ್ಕೆ ಹತ್ತಿರವೋ ಕೊನೆಯದಕ್ಕೋ ಎಂದು ಕೇಳಿದರು. ಎರಡು ಸದ್ದುಗಳಲ್ಲಿ ಯಾವುದು ಬಲಕ್ಕಿದೆ ಎಂದು ಸಲೀಸಾಗಿ ಹೇಳುವ ಹುಟ್ಟು ಅಂಧರು ಇಲ್ಲಿ ತಡವರಿಸಿದರು. ದಿಕ್ಕು ಗೊತ್ತಾಗುತ್ತದೆ, ಜಾಗಗಳ ನಡುವಿನ ಅಳತೆ ಕೂಡಿಬರುವುದಿಲ್ಲ. ಶ್ರವಣ ಪರೀಕ್ಷೆಯ ಆಡಿಯೋಗ್ರಾಮ್‌ನಲ್ಲಿ ಇದರ ಸುಳಿವೂ ಸಿಗದು. ಹಾಗಾಗಿ ಓಡಾಟದ ತರಬೇತಿಗೆ ಮೊದಲು ನಾನು ಈ ಮೂರು ಸದ್ದಿನ ಪರೀಕ್ಷೆ ಮಾಡುತ್ತೇನೆ.

ಬೇಕಾದ್ದು ಇಷ್ಟು: 7.1 ಚಾನೆಲ್‌ನ (ಏಳು ಸ್ಪೀಕರ್‌ಗೆ, ಒಂದು ಸಬ್‌ವೂಫರ್‌ಗೆ ಬೇರೆಬೇರೆ ಸದ್ದು ಕಳಿಸುವ) ಒಂದು ಯುಎಸ್‌ಬಿ ಸೌಂಡ್ ಕಾರ್ಡ್, ಒಂದೇ ಮಾದರಿಯ ಏಳು ಕಂಪ್ಯೂಟರ್ ಸ್ಪೀಕರ್, ಎರಡು ಮೀಟರ್ ಉದ್ದದ ಹಲಗೆ. ಸಬ್‌ವೂಫರ್ ಚಾನೆಲ್ ಬಳಸಬೇಡಿ, ಅದು ತೀಕ್ಷ್ಣ ಸ್ವರಗಳನ್ನು ಕತ್ತರಿಸಿಬಿಡುತ್ತದೆ. ಕಾರ್ಡಿನ ಸರೌಂಡ್ ಎಫೆಕ್ಟ್‌ಗಳನ್ನೆಲ್ಲ ಆಫ್ ಮಾಡಿ. ರಿಲೇ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ಹಾಕಿ ಸ್ಪೀಕರ್ ಬದಲಿಸುವ ಅಗ್ಗದ ದಾರಿಯೂ ಇದೆ, ಆದರೆ ರಿಲೇಯ ‘ಟಿಕ್’ ಸದ್ದೇ ಮಗುವಿಗೆ ಉತ್ತರ ಹೇಳಿಕೊಡುತ್ತದೆ.

ಸ್ಪೀಕರ್‌ಗಳನ್ನು 25 ಸೆಂ.ಮೀ.ಗೊಂದರಂತೆ, ಮಗುವಿನ ಕಿವಿಯ ಎತ್ತರಕ್ಕೆ ಸಾಲಾಗಿ ಕೂರಿಸಿ. ಮಗು 4ನೆಯದರ ನೇರಕ್ಕೆ, 180 ಸೆಂ.ಮೀ. ದೂರದಲ್ಲಿ ಕೂರಬೇಕು. ಕೇಳಿಸುವುದು ಬೀಪ್ ಅಲ್ಲ, 100 ಮಿಲಿಸೆಕೆಂಡಿನ ‘ಚರ್’ ಎನ್ನುವ ಗದ್ದಲ. ಶುದ್ಧ ಸ್ವರದ, ಅದರಲ್ಲೂ 1,500ರಿಂದ 3,000 ಹರ್ಟ್ಜ್‌ನ ದಿಕ್ಕು ಹಿಡಿಯುವುದು ಯಾರಿಗಾದರೂ ಕಷ್ಟ. ಬಜರ್‌ಗಳು ಹೆಚ್ಚಾಗಿ ಕೂಗುವುದು ಅದೇ ಆಸುಪಾಸಿನಲ್ಲಿ. ಫ್ಯಾನ್ ಆಫ್ ಮಾಡಿ. ಬರಿ ಗೋಡೆಯಿದ್ದರೆ ಕಂಬಳಿ ತೂಗುಹಾಕಿ.

ಮೊದಲು ಎರಡೇ ಸದ್ದು ಕೇಳಿಸಿ, ಬಲಕ್ಕಿರುವುದು ಯಾವುದೆಂದು ಕೇಳುತ್ತೇನೆ. ಇಲ್ಲೇ ತಪ್ಪಿದರೆ ಮುಂದೆ ಹೋಗುವುದಿಲ್ಲ. ಕಿವಿಯಲ್ಲಿ ಗುಗ್ಗೆ ಇರಬಹುದು, ಒಂದು ಕಿವಿ ಮಂದವಿರಬಹುದು. ಮಗು ಮೊದಲು ಕಿವಿ ಡಾಕ್ಟರ ಬಳಿ ಹೋಗಿಬರಲಿ.

ಆಮೇಲೆ ಮೂರು ಸದ್ದು: ಮೊದಲನೆಯದು 1ರಿಂದ, ಕೊನೆಯದು 7ರಿಂದ, ನಡುವಿನದು 2, 3, 5, 6ರಲ್ಲಿ ಒಂದರಿಂದ. 4ನ್ನು ಕೇಳಿಸುವುದಿಲ್ಲ, ಅದಕ್ಕೆ ಸರಿಯುತ್ತರವೇ ಇಲ್ಲ. ಕ್ರಮವನ್ನು ಕಂಪ್ಯೂಟರೇ ಕಲಸಲಿ. ಒಟ್ಟು 40 ಸಲ. ಒಂದೊಂದು ಸಲವೂ ಸದ್ದಿನ ಮಟ್ಟ ಎರಡು ಮೂರು ಡೆಸಿಬೆಲ್ ಆಚೀಚೆ ಆಗಬೇಕು. ಅರ್ಧ ಮುಗಿದ ಮೇಲೆ ಸ್ಪೀಕರ್‌ಗಳ ಜಾಗ ಅದಲುಬದಲು ಮಾಡಿ, ವೈರನ್ನಲ್ಲ. ಒಂದೇ ಮಾದರಿಯ ಸ್ಪೀಕರ್‌ಗಳ ದನಿಯಲ್ಲೂ ಸಣ್ಣ ವ್ಯತ್ಯಾಸವಿರುತ್ತದೆ. ಈ ಮಕ್ಕಳು ಜಾಗವನ್ನು ಬಿಟ್ಟು ಆ ದನಿಯನ್ನೇ ಗುರುತಿಟ್ಟುಕೊಳ್ಳುತ್ತಾರೆ.

ಎಲ್ಲಕ್ಕಿಂತ ದೊಡ್ಡ ಮೋಸ ಸಮಯದ್ದು. ಹುಟ್ಟು ಅಂಧರು ಜಾಗದ ಅಂತರವನ್ನು ಸಮಯದ ಅಂತರದಿಂದ ಊಹಿಸುತ್ತಾರೆಂದು ಗೋರಿಯವರ ತಂಡವೇ 2018ರಲ್ಲಿ ತೋರಿಸಿತು. ಆದ್ದರಿಂದ ಮೂರು ಸುತ್ತು ಮಾಡಬೇಕು. ಮೊದಲ ಸುತ್ತಿನಲ್ಲಿ ಸದ್ದುಗಳ ನಡುವೆ 500, 500 ಮಿಲಿಸೆಕೆಂಡ್. ಎರಡನೆಯದರಲ್ಲಿ ಸಮಯ ಜಾಗಕ್ಕೆ ಹೊಂದಿರಲಿ: ನಡುವಿನ ಸದ್ದು 2ರಿಂದಲೋ 3ರಿಂದಲೋ ಬಂದರೆ 300 ಆಮೇಲೆ 700. ಮೂರನೆಯದರಲ್ಲಿ ತಿರುವುಮುರುವು: ಅದೇ ಜಾಗಕ್ಕೆ 700 ಆಮೇಲೆ 300. ಎರಡನೆಯ ಸುತ್ತಿನಲ್ಲಿ ಸಲೀಸಾಗಿ ಗೆದ್ದು ಮೂರನೆಯದರಲ್ಲಿ ಬಹುಪಾಲು ತಪ್ಪುವ ಮಗು ಜಾಗ ಅಳೆಯುತ್ತಿಲ್ಲ, ಹೊತ್ತು ಎಣಿಸುತ್ತಿದೆ. ಎಲ್ಲ ಸುತ್ತಿನಲ್ಲೂ ಅರ್ಧಕ್ಕರ್ಧ ಸರಿ ಬಂದರೆ ಬರೀ ಊಹೆ, ಇಲ್ಲವೇ ಪ್ರಶ್ನೆ ಅರ್ಥವಾಗಿಲ್ಲ. ಹಾಗಾದಾಗ ಮೇಜಿನ ಮೇಲೆ ಮೂರು ಬಟ್ಟಲು ಇಟ್ಟು, ಕೈಯಿಂದ ಮುಟ್ಟಿಸಿ, ಅದೇ ಪ್ರಶ್ನೆ ಕೇಳಿ.

ತರಬೇತಿಗೆ ಗೆಜ್ಜೆ ಸಾಕು. ಇಟಲಿಯವರು ಸದ್ದು ಮಾಡುವ ಕೈಪಟ್ಟಿಯನ್ನೇ ತಯಾರಿಸಿದರು. ಅದರ ತಿರುಳು, ಮಗುವಿನ ಕೈ ಅಲುಗಿದಾಗ ಅದೇ ಕೈಯಿಂದ ಸದ್ದು ಬರಬೇಕು ಎಂಬುದು. ಕೈ ಎಲ್ಲಿದೆ ಎಂಬುದು ಸ್ನಾಯುಗಳಿಗೆ ಗೊತ್ತು, ಕಿವಿ ಆ ಅಳತೆಯನ್ನು ಕಡ ಪಡೆಯುತ್ತದೆ. ಐದಾರು ಗೆಜ್ಜೆಗಳನ್ನು ಒಂದೇ ಮಣಿಕಟ್ಟಿಗೆ ಕಟ್ಟಿ. ಎರಡೂ ಕೈಗೆ ಕಟ್ಟಿದರೆ ಎಲ್ಲ ಕಲಸಿಹೋಗುತ್ತದೆ. ಮೇಜಿನಂಚಿಗೆ ಹಗ್ಗ ಬಿಗಿದು 20 ಸೆಂ.ಮೀ.ಗೊಂದು ಗಂಟು ಹಾಕಿ. ಮಗು ಗಂಟಿನಿಂದ ಗಂಟಿಗೆ ಕೈ ಒಯ್ದು ಅಲುಗಿಸಲಿ. ನಂತರ ನೀವು ಯಾವುದಾದರೂ ಗಂಟಿನ ಮೇಲೆ ಗೆಜ್ಜೆ ಅಲುಗಿಸಿ, ಮಗು ಅಲ್ಲಿಗೇ ಕೈ ಇಡಲಿ. ಒಂದು ಸಲಕ್ಕೆ ಹದಿನೈದು ನಿಮಿಷ ಮೀರದಿರಲಿ. ಕಲಿಸುವವರು ಬಳೆ, ಗಡಿಯಾರ ಬಿಚ್ಚಿಡಬೇಕು. ತೋಳಿನ ಬಟ್ಟೆಯ ಸರಸರವೂ ಮುಂಚೆಯೇ ಗುಟ್ಟು ಬಿಟ್ಟುಕೊಡುತ್ತದೆ.

ನಾಲಿಗೆ ಚಿಟಿಕೆಯ ಮಾರುದನಿಯನ್ನೂ, ಅಂದರೆ ನಾಲಿಗೆಯಿಂದ ಸದ್ದು ಮಾಡಿ ಅದು ಎದುರಿನ ವಸ್ತುವಿಗೆ ಬಡಿದು ಮರಳುವುದನ್ನು ಕೇಳಿ ವಸ್ತು ಎಲ್ಲಿದೆ ಎಂದು ತಿಳಿಯುವುದನ್ನೂ, ಜೊತೆಗೇ ಶುರುಮಾಡುತ್ತೇನೆ. ಮಾರುದನಿ ಬಳಸುವುದರಲ್ಲಿ ಪಳಗಿದ ಅಂಧರು ಇದೇ ಮೂರು ಸದ್ದಿನ ಪರೀಕ್ಷೆಯಲ್ಲಿ ಬೇರೆ ಅಂಧರಿಗಿಂತ ಮುಂದಿದ್ದರೆಂದು 2015ರ ಒಂದು ಅಧ್ಯಯನ ಹೇಳುತ್ತದೆ. ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಹಿಡಿದು ಒಮ್ಮೆಗೇ ಕೆಳಕ್ಕೆಳೆದರೆ ಬರುವ ‘ಟಕ್’ ಬೇಕು. ‘ಚು ಚು’ ಆಗದು, ತೀರಾ ಸಣ್ಣಗೆ. 60 ಸೆಂ.ಮೀ. ಚೌಕದ ಪ್ಲೈವುಡ್ ಹಲಗೆಯಿಂದ ಶುರುಮಾಡಿ. ಒಂದು ಮೀಟರ್ ದೂರದ ಹಲಗೆಯಿಂದ ಮಾರುದನಿ ಸುಮಾರು 6 ಮಿಲಿಸೆಕೆಂಡಿನಲ್ಲಿ ವಾಪಸು ಬರುತ್ತದೆ. ಈ ‘ಟಕ್’ನಲ್ಲಿರುವ 3,000 ಹರ್ಟ್ಜ್ ಸದ್ದಿನ ಅಲೆಯುದ್ದ 11 ಸೆಂ.ಮೀ. ಇರುವುದರಿಂದ ಅದಕ್ಕಿಂತ ತೆಳುವಾದ ಕಂಬ, ಕುರ್ಚಿಯ ಕಾಲುಗಳ ಮಾರುದನಿ ಕ್ಷೀಣ. ಅವುಗಳಿಗೆ, ಮತ್ತು ನೆಲದ ಗುಂಡಿಗಳಿಗೆ, ಬಿಳಿ ಕೋಲೇ ಬೇಕು.