‘ಫಾರ್ಮ್ಯಾಟ್ ಮಾಡಲೇ?’ ಎಂದು ಕೇಳಿದರೆ ‘ಕ್ಯಾನ್ಸಲ್’ ಒತ್ತಿ
ಕೈಕೊಟ್ಟ ಹಾರ್ಡ್ ಡಿಸ್ಕ್‌ನಿಂದ ಫೋಟೊ, ಕಡತ ಹೊರತೆಗೆಯುವುದು ಹೇಗೆ?

ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಚುಚ್ಚಿದ್ದೀರಿ. ಫೋಲ್ಡರ್‌ಗಳು ತೆರೆದುಕೊಳ್ಳುವ ಬದಲು ವಿಂಡೋಸ್ ಒಂದು ಪ್ರಶ್ನೆ ಮುಂದಿಡುತ್ತದೆ: ಈ ಡ್ರೈವ್ ಬಳಸಬೇಕಾದರೆ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೇ? ಒಳಗಿರುವುದು ಮಗಳ ನಾಮಕರಣದಿಂದ ಅಪ್ಪನ ಷಷ್ಟ್ಯಬ್ದಿವರೆಗಿನ ಫೋಟೊಗಳು. ಇಂಥ ಹೊತ್ತಲ್ಲಿ ಗಾಬರಿಯಿಂದ ‘ಯೆಸ್’ ಒತ್ತುವವರೇ ಜಾಸ್ತಿ. ನೀವು ‘ಕ್ಯಾನ್ಸಲ್’ ಒತ್ತಿ, ಡಿಸ್ಕ್ ತೆಗೆದು ಮೇಜಿನ ಮೇಲಿಡಿ.

ಸಾಮಾನ್ಯವಾಗಿ ಇಂಥ ಸಂದರ್ಭದಲ್ಲಿ ಫೋಟೊಗಳು ಎಲ್ಲಿಗೂ ಹೋಗಿರುವುದಿಲ್ಲ. ಯಾವ ಫೈಲ್ ಡಿಸ್ಕ್‌ನ ಯಾವ ಜಾಗದಲ್ಲಿದೆ ಎಂಬ ಲೆಕ್ಕ ಮಾತ್ರ ಕೆಟ್ಟಿರುತ್ತದೆ. ವಿಂಡೋಸ್‌ನ ಎನ್‌ಟಿಎಫ್‌ಎಸ್ ವ್ಯವಸ್ಥೆಯಲ್ಲಿ ಆ ಲೆಕ್ಕವನ್ನು ಮಾಸ್ಟರ್ ಫೈಲ್ ಟೇಬಲ್ ಎನ್ನುತ್ತಾರೆ. ಪುಸ್ತಕದ ಪರಿವಿಡಿ ಹರಿದುಹೋದರೂ ಒಳಗಿನ ಪುಟಗಳು ಇದ್ದಂತೆಯೇ ಇರುತ್ತವಲ್ಲ, ಹಾಗೆ. ಕಾಪಿ ಆಗುತ್ತಿರುವಾಗಲೇ ಕೇಬಲ್ ಕಿತ್ತರೆ, ಕರೆಂಟ್ ಹೋದರೆ, ಪರಿವಿಡಿ ಇದ್ದ ಜಾಗದಲ್ಲೇ ಡಿಸ್ಕ್ ಸವೆದರೆ ಹೀಗಾಗುತ್ತದೆ.

ಅದಕ್ಕೇ ಮುಂದಿನ ಎಲ್ಲ ಹೆಜ್ಜೆಗೂ ಒಂದೇ ನಿಯಮ: ಕೆಟ್ಟ ಡಿಸ್ಕ್ ಮೇಲೆ ಏನನ್ನೂ ಬರೆಯಬಾರದು. ರಿಕವರಿ ಸಾಫ್ಟ್‌ವೇರನ್ನು ಅದರಲ್ಲೇ ಇನ್‌ಸ್ಟಾಲ್ ಮಾಡಬಾರದು, ಸಿಕ್ಕ ಫೈಲ್‌ಗಳನ್ನು ಅದಕ್ಕೇ ಸೇವ್ ಮಾಡಬಾರದು. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದಾಗ ‘ಇನಿಶಿಯಲೈಸ್’ ಮಾಡಲೇ ಎಂದು ಕೇಳಿದರೆ ಅದಕ್ಕೂ ಬೇಡ ಎನ್ನಿ. ಈಗಾಗಲೇ ‘ಯೆಸ್’ ಒತ್ತಿಬಿಟ್ಟಿದ್ದರೆ? ಕ್ವಿಕ್ ಫಾರ್ಮ್ಯಾಟ್ ಆಗಿದ್ದರೆ ಇನ್ನೂ ಬಹುಪಾಲು ಉಳಿದಿರುತ್ತದೆ. ಫುಲ್ ಫಾರ್ಮ್ಯಾಟ್ ಆಗಿದ್ದರೆ ಕಷ್ಟ. ವಿಂಡೋಸ್ ವಿಸ್ತಾ ಬಂದಾಗಿನಿಂದ ಫುಲ್ ಫಾರ್ಮ್ಯಾಟ್ ಇಡೀ ಡಿಸ್ಕ್ ಮೇಲೆ ಸೊನ್ನೆ ಬರೆಯುತ್ತದೆ. ಅರ್ಧದಲ್ಲಿದ್ದರೆ ತಕ್ಷಣ ನಿಲ್ಲಿಸಿ.

ಮೊದಲು ಕಿವಿಗೊಟ್ಟು ಕೇಳಿ

ಪರಿವಿಡಿ ಕೆಟ್ಟಿದೆಯೋ, ಯಂತ್ರವೇ ಕೆಟ್ಟಿದೆಯೋ ಎಂಬುದು ಮೊದಲು ಗೊತ್ತಾಗಬೇಕು. ಎರಡಕ್ಕೂ ದಾರಿ ಬೇರೆ. ಡಿಸ್ಕ್ ಚುಚ್ಚಿ, ಕಿವಿ ಹತ್ತಿರ ತಂದು ಕೇಳಿ. ಎಕ್ಸ್‌ಟರ್ನಲ್ ಡಿಸ್ಕ್‌ನ ತಟ್ಟೆಗಳು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತವೆ. ಓದುವ ಹೆಡ್ ಅವುಗಳ ಮೇಲೆ ಕೆಲವೇ ನ್ಯಾನೋಮೀಟರ್ ಎತ್ತರದಲ್ಲಿ ತೇಲುತ್ತಿರುತ್ತದೆ. ನಯವಾದ, ಒಂದೇ ಸಮನಾದ ಸದ್ದು ಬಂದರೆ ಒಳ್ಳೆಯದು. ಟಕ್, ಟಕ್ ಎಂದು ಲಯಬದ್ಧವಾಗಿ ಬಡಿಯುತ್ತಿದ್ದರೆ ಹೆಡ್ ತನ್ನ ಜಾಗ ಹುಡುಕಲಾಗದೆ ಒದ್ದಾಡುತ್ತಿದೆ ಎಂದು ಅರ್ಥ. ತಟ್ಟೆ ತಿರುಗದೆ ಸಣ್ಣಗೆ ಗುಂಯ್ ಎನ್ನುತ್ತಿದ್ದರೆ ಹೆಡ್ ತಟ್ಟೆಗೆ ಅಂಟಿಕೊಂಡಿರಬಹುದು, ಮೋಟಾರ್ ಸಿಕ್ಕಿಹಾಕಿಕೊಂಡಿರಬಹುದು. ಈ ಎರಡರಲ್ಲಿ ಯಾವ ಸದ್ದು ಬಂದರೂ ಡಿಸ್ಕ್ ಕಿತ್ತುಬಿಡಿ, ಮನೆಯಲ್ಲಿ ಮಾಡಬಹುದಾದ ಕೆಲಸ ಅಲ್ಲಿಗೆ ಮುಗಿಯಿತು, ಮುಂದಿನದು ಡೇಟಾ ರಿಕವರಿ ಲ್ಯಾಬ್‌ಗೆ. ಕೆಳಗೆ ಬಿದ್ದ ಡಿಸ್ಕ್ ಆದರೆ ಕೇಳುವ ಪರೀಕ್ಷೆಯೂ ಬೇಡ, ಚುಚ್ಚಲೇಬೇಡಿ. ಮುರಿದ ಹೆಡ್ ಪ್ರತಿ ಸುತ್ತಿಗೂ ತಟ್ಟೆಯ ಮೇಲ್ಪದರವನ್ನು ಕೆರೆದು ತೆಗೆಯುತ್ತದೆ. ಕೆರೆದುಹೋದದ್ದನ್ನು ಯಾವ ಲ್ಯಾಬೂ ವಾಪಸ್ ತರಲಾರದು.

ಫ್ರಿಜ್‌ನಲ್ಲಿಟ್ಟರೆ ಸರಿಹೋಗುತ್ತದೆ ಎನ್ನುವವರು ಸಿಗುತ್ತಾರೆ. ಹೊರತೆಗೆದಾಗ ತಟ್ಟೆ ಮೇಲೆ ತೇವ ಕೂರುತ್ತದೆ, ಅಷ್ಟೇ ಲಾಭ. ಸುಮ್ನೆ ಮೇಜಿಗೆ ಕುಟ್ಟುವುದು, ಮುಚ್ಚಳ ಬಿಚ್ಚಿ ನೋಡುವುದು ಇನ್ನೂ ಕೆಟ್ಟದು. ಹೆಡ್ ತೇಲುವ ಎತ್ತರಕ್ಕೆ ಹೋಲಿಸಿದರೆ ಮನೆಯ ಧೂಳಿನ ಕಣ ಎಷ್ಟೋ ಪಟ್ಟು ದೊಡ್ಡದು.

ಕೇಬಲ್ ಬದಲಿಸಿ ನೋಡಿ

ಸದ್ದು ಸರಿಯಿದ್ದರೆ ಮೊದಲ ಅನುಮಾನ ಕೇಬಲ್ ಮೇಲಿರಲಿ. ಸಣ್ಣ ಡಿಸ್ಕ್‌ಗಳು ಓಡಲು ಬೇಕಾದ ಕರೆಂಟನ್ನೂ ಯುಎಸ್‌ಬಿಯಿಂದಲೇ ತೆಗೆದುಕೊಳ್ಳುತ್ತವೆ. ಹಬ್ ತೆಗೆದು ನೇರ ಕಂಪ್ಯೂಟರಿಗೆ ಚುಚ್ಚಿ. ಡೆಸ್ಕ್‌ಟಾಪ್ ಆದರೆ ಹಿಂಬದಿಯ ಪೋರ್ಟ್ ಬಳಸಿ. ಬೇರೆ ಕೇಬಲ್, ಬೇರೆ ಕಂಪ್ಯೂಟರ್ ಎರಡೂ ಆಗಲಿ. ಹೊರಕವಚದ ಸಣ್ಣ ಬೋರ್ಡ್ ಕೆಟ್ಟಿದ್ದರೆ ಒಳಗಿನ ಡಿಸ್ಕನ್ನು ಹೊರತೆಗೆದು ಬೇರೆ ಕವಚಕ್ಕೆ ಹಾಕಬಹುದು. ಆದರೆ ಎಲ್ಲದಕ್ಕೂ ಇದು ನಡೆಯುವುದಿಲ್ಲ. ಕೆಲವು ಕಂಪನಿಗಳ ಡಿಸ್ಕ್‌ಗಳಲ್ಲಿ ಯುಎಸ್‌ಬಿ ಕನೆಕ್ಟರ್ ಡಿಸ್ಕ್‌ನ ಬೋರ್ಡಿಗೇ ಬೆಸುಗೆಯಾಗಿರುತ್ತದೆ. ಇನ್ನು ಕೆಲವು ಬೋರ್ಡ್‌ಗಳು ಮಾಹಿತಿಯನ್ನು ಎನ್‌ಕ್ರಿಪ್ಟ್ ಮಾಡಿಯೇ (ಗೂಢಲಿಪಿಗೆ ಬದಲಿಸಿಯೇ) ಬರೆಯುತ್ತವೆ, ಕವಚ ಬದಲಿಸಿದರೆ ಬರೀ ಅರ್ಥವಿಲ್ಲದ ಅಕ್ಷರ ಕಾಣುತ್ತದೆ.

ಡಿಸ್ಕ್ ಎಷ್ಟು ಬಡವಾಗಿದೆ ಎಂದು ತಿಳಿಯಲು ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬ ಉಚಿತ ತಂತ್ರಾಂಶ ಸಾಕು. ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ‘ಸ್ಮಾರ್ಟ್’ ಎಂಬ ಆರೋಗ್ಯದ ದಾಖಲೆಯನ್ನು ಅದು ತೋರಿಸುತ್ತದೆ. ಮೂರು ಸಾಲು ನೋಡಿ: 05, ಸಿ5, ಸಿ6. ಕ್ರಮವಾಗಿ ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು (ಡಿಸ್ಕ್ ಮಾಹಿತಿ ಬರೆದಿಡುವ ಪುಟ್ಟ ಖಾನೆಗಳು), ಓದಲಾಗದೆ ಬಾಕಿ ಉಳಿದವು, ಓದಲೇ ಆಗದವು. ಸಿ5 ಸೊನ್ನೆ ಇಲ್ಲದಿದ್ದರೆ ತಟ್ಟೆ ಕೆಡುತ್ತಿದೆ, ತಡ ಮಾಡಬೇಡಿ. ಮಾಹಿತಿ ಸಾಗುವಾಗಿನ ದೋಷಗಳನ್ನು ಎಣಿಸುವ ಸಿ7 ಮಾತ್ರ ಏರುತ್ತಿದ್ದರೆ ಮತ್ತೆ ಕೇಬಲ್, ಕವಚದ ಕಡೆ ನೋಡಿ. ಕೆಲವು ಯುಎಸ್‌ಬಿ ಕವಚಗಳು ಈ ದಾಖಲೆಯನ್ನು ಹೊರಗೆ ಬಿಡುವುದಿಲ್ಲ. ಕಾಣದಿದ್ದರೆ ಕೆಡುತ್ತಿದೆ ಎಂದೇ ಭಾವಿಸಿ ಮುಂದುವರಿಯಿರಿ.

ಈ ಹಂತದಲ್ಲಿ ಗೆಳೆಯರು ವಿಂಡೋಸ್‌ನಲ್ಲೇ ಇರುವ ‘ಚೆಕ್ ಡಿಸ್ಕ್ ಓಡಿಸು’ ಎನ್ನುತ್ತಾರೆ. ಬೇಡ. ಚೆಕ್ ಡಿಸ್ಕ್‌ನ ಕೆಲಸ ಪರಿವಿಡಿಯನ್ನು ಹೊಂದಿಸುವುದು, ನಿಮ್ಮ ಫೋಟೊ ಉಳಿಸುವುದಲ್ಲ. ತನಗೆ ಲೆಕ್ಕ ಸಿಗದ ದಾಖಲೆಯನ್ನು ಅದು ಅಳಿಸಿಹಾಕುತ್ತದೆ, ಇಲ್ಲವೇ ತುಂಡು ತುಂಡಾಗಿ ಬೇರೊಂದು ಫೋಲ್ಡರಿಗೆ ತಳ್ಳುತ್ತದೆ. ಸಾಯುತ್ತಿರುವ ಡಿಸ್ಕ್ ಮೇಲೆ ಇದನ್ನು ಓಡಿಸಿ ಇದ್ದದ್ದನ್ನೂ ಕಳೆದುಕೊಂಡವರು ಬೇಕಾದಷ್ಟು ಜನ.

ಇಡೀ ಡಿಸ್ಕ್‌ನ ನಕಲು

ಅಸಲಿ ಕೆಲಸ ಇದೇ. ಫೈಲ್ ಹುಡುಕುವ ಮೊದಲು ಇಡೀ ಡಿಸ್ಕನ್ನು ಸೆಕ್ಟರ್‌ಗೆ ಸೆಕ್ಟರ್ ನಕಲಿಸಿ ಒಂದೇ ದೊಡ್ಡ ಇಮೇಜ್ ಫೈಲ್ ಮಾಡಿಕೊಳ್ಳಬೇಕು. ಆಮೇಲಿನ ಪ್ರಯೋಗವೆಲ್ಲ ಆ ಇಮೇಜ್ ಮೇಲೆ. ಅದು ಕೆಟ್ಟರೂ ಪರವಾಗಿಲ್ಲ, ಡಿಸ್ಕ್‌ಗೆ ತೊಂದರೆಯಾಗುವುದಿಲ್ಲ.

ಇದಕ್ಕೆ ಗ್ನೂ ಡಿಡಿ ರೆಸ್ಕ್ಯೂ ಎಂಬ ತಂತ್ರಾಂಶವಿದೆ, ಬರೆದವರು ಆಂಟೋನಿಯೊ ಡಿಯಾಸ್ ಡಿಯಾಸ್. ಪೂರ್ತಿ ಉಚಿತ. ಮಾಮೂಲಿ ಕಾಪಿಯಲ್ಲಿ ಒಂದು ಕೆಟ್ಟ ಸೆಕ್ಟರ್ ಸಿಕ್ಕರೆ ಕಂಪ್ಯೂಟರ್ ಅಲ್ಲೇ ಪದೇ ಪದೇ ಪ್ರಯತ್ನಿಸುತ್ತಾ ನಿಂತುಬಿಡುತ್ತದೆ. ಅಷ್ಟರಲ್ಲಿ ಡಿಸ್ಕ್ ಇನ್ನಷ್ಟು ಸೊರಗುತ್ತದೆ. ಡಿಡಿ ರೆಸ್ಕ್ಯೂ ಹಾಗಲ್ಲ. ಕೆಟ್ಟ ಜಾಗ ಸಿಕ್ಕರೆ ಹಾರಿ ಮುಂದೆ ಹೋಗುತ್ತದೆ, ಸಲೀಸಾಗಿ ಓದಲಾಗುವುದನ್ನೆಲ್ಲ ಮೊದಲು ಬಾಚಿಕೊಳ್ಳುತ್ತದೆ. ಕಷ್ಟದ ಜಾಗಗಳಿಗೆ ಕೊನೆಯಲ್ಲಿ ವಾಪಸ್ ಬರುತ್ತದೆ. ಎಲ್ಲಿ ಓದಿಯಾಯಿತು, ಎಲ್ಲಿ ಬಾಕಿ ಎಂಬುದನ್ನು ಮ್ಯಾಪ್ ಫೈಲ್ ಎಂಬ ಪುಟ್ಟ ಕಡತದಲ್ಲಿ ಬರೆದಿಡುತ್ತದೆ. ಮಧ್ಯೆ ಕರೆಂಟ್ ಹೋದರೆ ಅದೇ ಆದೇಶವನ್ನು (ಕಮಾಂಡ್) ಮತ್ತೆ ಕೊಡಿ, ಬಿಟ್ಟಲ್ಲಿಂದಲೇ ಶುರುವಾಗುತ್ತದೆ. ಮ್ಯಾಪ್ ಫೈಲ್ ಹೆಸರು ಕೊಡಲು ಮರೆತರೆ ಈ ಅನುಕೂಲವೇ ಇಲ್ಲ.

ಇದು ಓಡುವುದು ವಿಂಡೋಸ್ ಬದಲಿಗೆ ಬಳಸುವ ಲಿನಕ್ಸ್ ಎಂಬ ವ್ಯವಸ್ಥೆಯಲ್ಲಿ. ಹೆದರಬೇಡಿ, ಲ್ಯಾಪ್‌ಟಾಪಿಗೆ ಲಿನಕ್ಸ್ ಹಾಕಬೇಕಿಲ್ಲ. ಸಿಸ್ಟಮ್ ರೆಸ್ಕ್ಯೂ ಎಂಬ ಲಿನಕ್ಸ್ ಆವೃತ್ತಿಯನ್ನು ರೂಫಸ್ ಎಂಬ ತಂತ್ರಾಂಶ ಬಳಸಿ ಪೆನ್‌ಡ್ರೈವ್‌ಗೆ ಹಾಕಿ, ಅದರಿಂದ ಬೂಟ್ ಮಾಡಿದರೆ ಬೇಕಾದ ಸಲಕರಣೆಗಳು ಅದರಲ್ಲೇ ಇರುತ್ತವೆ. ಉಬುಂಟು ಬಳಸುವವರಿಗೆ ಒಂದು ಮಾತು: ಅಲ್ಲಿ ಪ್ಯಾಕೇಜ್ ಹೆಸರು ಜಿಡಿಡಿ ರೆಸ್ಕ್ಯೂ.

ನಕಲು ಇಡಲು ಇನ್ನೊಂದು ಡಿಸ್ಕ್ ಬೇಕು. 1 ಟಿಬಿ ಡಿಸ್ಕ್‌ನಲ್ಲಿ ನೀವು ತುಂಬಿದ್ದು 300 ಜಿಬಿಯೇ ಇರಲಿ, ಇಮೇಜ್ 1 ಟಿಬಿಯೇ ಆಗುತ್ತದೆ. ಸಿಕ್ಕ ಫೈಲ್‌ಗಳಿಗೂ ಜಾಗ ಬೇಕಲ್ವಾ? ಹಾಗಾಗಿ 2 ಟಿಬಿ ತನ್ನಿ. ಅದು ಫ್ಯಾಟ್32 ಎಂಬ ಹಳೆಯ ಮಾದರಿಯಲ್ಲಿ ಫಾರ್ಮ್ಯಾಟ್ ಆಗಿರಬಾರದು, ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಸುವುದಿಲ್ಲ.

ಇಡೀ ಕೆಲಸದಲ್ಲಿ ನಿಜಕ್ಕೂ ಅಪಾಯದ ಕ್ಷಣ ಒಂದೇ. ಆದೇಶದಲ್ಲಿ ಮೊದಲು ಓದಬೇಕಾದ ಡಿಸ್ಕ್, ನಂತರ ಬರೆಯಬೇಕಾದ ಜಾಗ, ಕೊನೆಗೆ ಮ್ಯಾಪ್ ಫೈಲ್. ಮೊದಲ ಎರಡು ಅದಲು ಬದಲಾದರೆ ಕೆಟ್ಟ ಡಿಸ್ಕ್ ಮೇಲೇ ಬರೆದುಬಿಡುತ್ತೀರಿ. ಲಿನಕ್ಸ್ ಡಿಸ್ಕ್‌ಗಳಿಗೆ ಎಸ್‌ಡಿಎ, ಎಸ್‌ಡಿಬಿ ಎಂಬಂಥ ಹೆಸರು ಕೊಡುತ್ತದೆ. ಎಂಟರ್ ಒತ್ತುವ ಮುಂಚೆ ಯಾವುದು ಯಾವುದೆಂದು ಡಿಸ್ಕ್‌ನ ಮಾಡೆಲ್ ಮತ್ತು ಗಾತ್ರ ನೋಡಿ ಖಾತ್ರಿ ಮಾಡಿಕೊಳ್ಳಿ. ಎರಡೂ ಒಂದೇ ಕಂಪನಿಯವಾದರೆ ಇನ್ನೊಮ್ಮೆ ನೋಡಿ.

ಮೊದಲ ಸುತ್ತನ್ನು ‘ನೋ ಸ್ಕ್ರೇಪ್’ ಆಯ್ಕೆಯೊಂದಿಗೆ ಓಡಿಸಿ, ಕೆಟ್ಟ ಜಾಗಗಳನ್ನು ಕೆದಕುವ ಕೆಲಸ ಎರಡನೇ ಸುತ್ತಿಗಿರಲಿ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ ಓದಿದರೆ 1 ಟಿಬಿಗೆ ಮೂರು ಗಂಟೆಯೊಳಗೆ ಮುಗಿಯುತ್ತದೆ. ಹಳೆಯ ಯುಎಸ್‌ಬಿ 2 ಪೋರ್ಟ್ ಆದರೆ ಎಂಟು ಗಂಟೆ. ಸೊರಗಿದ ಡಿಸ್ಕ್ ದಿನಗಟ್ಟಲೆ ತೆಗೆದುಕೊಳ್ಳಬಹುದು. ಪಕ್ಕದಲ್ಲೊಂದು ಟೇಬಲ್ ಫ್ಯಾನ್ ಇಟ್ಟರೆ ಡಿಸ್ಕ್ ಹೆಚ್ಚು ಬಿಸಿಯಾಗುವುದಿಲ್ಲ. ಮಧ್ಯೆ ಟಕ್ ಟಕ್ ಶುರುವಾದರೆ ನಿಲ್ಲಿಸಿ.

ಈಗ ಫೈಲ್ ಹುಡುಕಿ

ಇಮೇಜ್ ಕೈಯಲ್ಲಿದ್ದರೆ ಅರ್ಧ ಗೆದ್ದಂತೆ. ಮೊದಲು ಟೆಸ್ಟ್ ಡಿಸ್ಕ್ ಪ್ರಯತ್ನಿಸಿ. ಇದನ್ನೂ ಇದರ ಜೊತೆಗೇ ಬರುವ ಫೋಟೊರೆಕ್ ಅನ್ನೂ ಬರೆದವರು ಕ್ರಿಸ್ಟೋಫ್ ಗ್ರೆನಿಯೇ, ಎರಡೂ ಉಚಿತ. ಕಪ್ಪು ಪರದೆ ಕಂಡು ಮುಖ ತಿರುಗಿಸಬೇಡಿ, ಬಾಣದ ಕೀಲಿಗಳಲ್ಲೇ ಎಲ್ಲ ನಡೆಯುತ್ತದೆ. ‘ಅನಲೈಸ್’, ಆಮೇಲೆ ‘ಕ್ವಿಕ್ ಸರ್ಚ್’. ಪಾರ್ಟಿಷನ್ (ಡಿಸ್ಕ್‌ನ ವಿಭಾಗ) ಸಿಕ್ಕರೆ ‘ಪಿ’ ಒತ್ತಿ. ಫೋಲ್ಡರ್‌ಗಳ ಹೆಸರು ಸಾಲಾಗಿ ಕಂಡರೆ ನಿಮ್ಮ ಅದೃಷ್ಟ, ಬೇಕಾದ್ದನ್ನು ಆರಿಸಿ ಕಾಪಿ ಮಾಡಿಕೊಳ್ಳಿ. ಪಾರ್ಟಿಷನ್‌ನ ಮೂಲ ವಿವರವಿರುವ ಮೊದಲ ಸೆಕ್ಟರ್, ಅಂದರೆ ಬೂಟ್ ಸೆಕ್ಟರ್ ಮಾತ್ರ ಕೆಟ್ಟಿದ್ದರೆ ಅದರ ಇನ್ನೊಂದು ಪ್ರತಿ ಎನ್‌ಟಿಎಫ್‌ಎಸ್ ಪಾರ್ಟಿಷನ್‌ನ ಕೊನೆಯ ಸೆಕ್ಟರ್‌ನಲ್ಲಿ ಇರುತ್ತದೆ, ಟೆಸ್ಟ್ ಡಿಸ್ಕ್ ಅದನ್ನು ಬಳಸಿ ಸರಿಮಾಡಬಲ್ಲದು. ಕಪ್ಪು ಪರದೆ ಬೇಡವೆನ್ನುವವರಿಗೆ ಡಿಎಂಡಿಇ ಇದೆ. ಅದರ ಉಚಿತ ಆವೃತ್ತಿ ಒಮ್ಮೆಗೆ ಒಂದು ಫೋಲ್ಡರಿನಿಂದ 4000 ಫೈಲ್‌ವರೆಗೆ ಕೊಡುತ್ತದೆ.

ಪರಿವಿಡಿ ಪೂರ್ತಿ ಹೋಗಿದ್ದರೆ ಫೋಟೊರೆಕ್. ಇದು ಪರಿವಿಡಿಯ ಗೊಡವೆಗೇ ಹೋಗುವುದಿಲ್ಲ, ಇಮೇಜನ್ನು ತುದಿಯಿಂದ ತುದಿಗೆ ಓದುತ್ತಾ ಫೈಲ್‌ಗಳ ಗುರುತು ಹುಡುಕುತ್ತದೆ. ಪ್ರತಿ ಜೆಪೆಗ್ ಫೋಟೊ ಎಫ್‌ಎಫ್ ಡಿ8 ಎಫ್‌ಎಫ್ ಎಂಬ ಮೂರು ಬೈಟ್‌ಗಳಿಂದ ಶುರುವಾಗುತ್ತದೆ. ಅಲ್ಲಿಂದ ಮುಂದಿನದ್ದನ್ನು ಎತ್ತಿಕೊಳ್ಳುತ್ತದೆ. ಹೆಸರು, ಫೋಲ್ಡರ್ ಯಾವುದೂ ಉಳಿಯುವುದಿಲ್ಲ, ಬರೀ ಸಂಖ್ಯೆಗಳಿರುವ ಸಾವಿರಾರು ಫೈಲ್ ಬರುತ್ತವೆ. ಕ್ಯಾಮೆರಾ ಫೋಟೊದೊಳಗೇ ತೆಗೆದ ದಿನಾಂಕ ಅಡಗಿರುವುದರಿಂದ ಅದನ್ನು ಹಿಡಿದು ವಿಂಗಡಿಸಬಹುದು. ದೊಡ್ಡ ವಿಡಿಯೊಗಳು ಡಿಸ್ಕ್‌ನಲ್ಲಿ ಚೂರು ಚೂರಾಗಿ ಹರಡಿರಬಹುದು, ಅವುಗಳ ಬಗ್ಗೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ.

ವಿಂಡೋಸ್‌ನ ಗೂಢಲಿಪಿ ಬೀಗವಾದ ಬಿಟ್‌ಲಾಕರ್ ಹಾಕಿದ ಡಿಸ್ಕ್ ಆದರೆ ಪಾಸ್‌ವರ್ಡ್ ಅಥವಾ 48 ಅಂಕಿಯ ರಿಕವರಿ ಕೀ ಇಲ್ಲದೆ ಇವ್ಯಾವುವೂ ಕೆಲಸ ಮಾಡವು. ರಿಕವರಿ ಕೀಯನ್ನು ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಹುಡುಕಿ. ತಿರುಗುವ ತಟ್ಟೆಯಿಲ್ಲದೆ ಚಿಪ್‌ಗಳಲ್ಲಿ ಮಾಹಿತಿ ಇಡುವ ಎಸ್‌ಎಸ್‌ಡಿಯದು ಬೇರೆಯೇ ಕತೆ. ಫೈಲ್ ಅಳಿಸಿದೊಡನೆ ‘ಟ್ರಿಮ್’ ಎಂಬ ಸೂಚನೆ ಹೋಗುತ್ತದೆ, ಎಸ್‌ಎಸ್‌ಡಿ ಆ ಜಾಗವನ್ನು ತಾನಾಗಿಯೇ ಖಾಲಿ ಮಾಡುತ್ತದೆ, ಹಾಗಾಗಿ ಅಳಿಸಿದ್ದು ವಾಪಸ್ ಸಿಗುವುದು ಕಷ್ಟ.

ಲ್ಯಾಬ್‌ಗೆ ಹೋಗುವುದಾದರೆ

2003ರ ಫೆಬ್ರುವರಿ 1ರಂದು ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ನೌಕೆ ಭೂಮಿಗೆ ಮರಳುವಾಗ ಛಿದ್ರವಾಯಿತು. ಅವಶೇಷಗಳಲ್ಲಿ ಸಿಕ್ಕ ಕರಕಲಾದ ಹಾರ್ಡ್ ಡಿಸ್ಕ್‌ನಿಂದ ಕ್ರೋಲ್ ಆನ್‌ಟ್ರ್ಯಾಕ್ ಕಂಪನಿಯವರು ಬಹುತೇಕ ಎಲ್ಲ ಮಾಹಿತಿ ಹೊರತೆಗೆದರು. ಅದರಲ್ಲಿದ್ದದ್ದು ನೌಕೆಯಲ್ಲಿ ಸೆನಾನ್ ಅನಿಲದ ಮೇಲೆ ನಡೆಸಿದ ಪ್ರಯೋಗದ ಮಾಹಿತಿ, ಅದರ ಫಲಿತಾಂಶ 2008ರಲ್ಲಿ ಪ್ರಕಟವೂ ಆಯಿತು. ಡಿಸ್ಕ್‌ನಲ್ಲಿ ಪೆಟ್ಟು ಬಿದ್ದದ್ದು ಏನೂ ಬರೆದಿರದ ಭಾಗಕ್ಕೆ, ಅದೇ ಪುಣ್ಯ. ಇಂಥ ಕೆಲಸ ಧೂಳಿಲ್ಲದ ಕ್ಲೀನ್ ರೂಮ್‌ನಲ್ಲಿ, ಅದೇ ಮಾಡೆಲ್‌ನ ಇನ್ನೊಂದು ಡಿಸ್ಕ್‌ನ ಬಿಡಿಭಾಗ ಹಾಕಿ ಮಾಡುವಂಥದ್ದು. ದುಬಾರಿಯೇ.

ಬೆಂಗಳೂರಿನ ಎಸ್‌ಪಿ ರೋಡ್‌ನಂಥ ಕಡೆ ‘ಡೇಟಾ ರಿಕವರಿ’ ಬೋರ್ಡ್‌ಗಳು ಕಾಣುತ್ತವೆ. ಕೊಡುವ ಮೊದಲು ನೇರವಾಗಿ ಕೇಳಿ: ಡಿಸ್ಕ್ ಬಿಚ್ಚುವುದಾದರೆ ಎಲ್ಲಿ ಬಿಚ್ಚುತ್ತೀರಿ? ಡೇಟಾ ಸಿಗದಿದ್ದರೆ ದುಡ್ಡು ಎಷ್ಟು? ಹಣ ಕಟ್ಟುವ ಮುಂಚೆ ಸಿಕ್ಕ ಫೈಲ್‌ಗಳ ಪಟ್ಟಿ ತೋರಿಸುತ್ತೀರಾ? ‘ಬೋರ್ಡ್ ಬದಲಿಸಿದರೆ ಆಯ್ತು ಸಾರ್’ ಎಂದರೆ ಇನ್ನೊಂದು ಪ್ರಶ್ನೆ ಹಾಕಿ: ಹಳೆಯ ಬೋರ್ಡ್‌ನ ರೋಮ್ (ROM) ಚಿಪ್ ಹೊಸದಕ್ಕೆ ಹಾಕುತ್ತೀರಾ? ಆ ಡಿಸ್ಕ್‌ಗೇ ಸೀಮಿತವಾದ ಲೆಕ್ಕಗಳು ಅದರಲ್ಲಿರುತ್ತವೆ. ಉತ್ತರ ತಡವರಿಸಿದರೆ ಡಿಸ್ಕ್ ವಾಪಸ್ ತೆಗೆದುಕೊಂಡು ಬನ್ನಿ.

ಸಿಕ್ಕಿದ್ದನ್ನು ತೆರೆದು ನೋಡಿ

ಫೈಲ್ ಸಿಕ್ಕಿದೆ ಎಂದರೆ ಅದು ಸರಿಯಿದೆ ಎಂದಲ್ಲ. ಫೋಟೊಗಳ ಥಂಬ್‌ನೇಲ್ ನಂಬಬೇಡಿ, ಪೂರ್ತಿ ತೆರೆಯಿರಿ. ಕೆಳಗಿನ ಅರ್ಧ ಬೂದುಬಣ್ಣ ಇರಬಹುದು. ವಿಡಿಯೊಗಳನ್ನು ಕೊನೆಯವರೆಗೆ ಓಡಿಸಿ. ಹಳೆಯ ಕನ್ನಡ ಕಡತಗಳಲ್ಲಿ ಒಂದು ಸೋಜಿಗ ಕಾದಿರುತ್ತದೆ: ತೆರೆದರೆ ಬರೀ ವಿಚಿತ್ರ ಇಂಗ್ಲಿಷ್ ಅಕ್ಷರಗಳು. ಕರಪ್ಟ್ ಆಗಿದೆ ಎಂದು ಅಳಿಸಬೇಡಿ. ಎಲ್ಲ ಭಾಷೆಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಕೆ ಹೆಚ್ಚುವ ಮೊದಲು ನುಡಿ, ಶ್ರೀಲಿಪಿಯಂಥ ಫಾಂಟ್‌ಗಳಲ್ಲಿ ಟೈಪ್ ಮಾಡಿದ್ದು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಹಾಗೇ ಕಾಣುತ್ತದೆ. ಫಾಂಟ್ ಹಾಕಿ ನೋಡಿ, ಅಪ್ಪ ಬರೆದ ಪತ್ರ ಇದ್ದಂತೆ ಓದಲು ಸಿಗಬಹುದು.

ಎಲ್ಲ ಪರೀಕ್ಷಿಸಿ ಎರಡು ಬೇರೆ ಕಡೆ ಕಾಪಿ ಆಗುವವರೆಗೆ ಹಳೆಯ ಡಿಸ್ಕ್ ಮತ್ತು ಇಮೇಜ್ ಎರಡನ್ನೂ ಇಟ್ಟುಕೊಳ್ಳಿ. ಆಮೇಲೂ ಆ ಡಿಸ್ಕನ್ನು ಫಾರ್ಮ್ಯಾಟ್ ಮಾಡಿ ಮತ್ತೆ ಬಳಕೆಗೆ ತರಬೇಡಿ, ಮಕ್ಕಳ ಸಿನಿಮಾ ಇಡಲಿಕ್ಕೂ ಬೇಡ.