ಪುಟ್ಟ ಮಕ್ಕಳ ಜೊತೆ ಕಡಲಿಗೆ: ಬೆಳಗಿನ ಎರಡು ಗಂಟೆಯ ಲೆಕ್ಕ

ಘಟ್ಟ ಇಳಿದು ಬರುವ ಹೆಚ್ಚಿನ ಕುಟುಂಬಗಳು ಮಕ್ಕಳಿಗೆ ಕಡಲು ತೋರಿಸುವುದು ಸಂಜೆ ಐದರ ಮೇಲೆ. ಸೂರ್ಯಾಸ್ತ ನೋಡಬೇಕಲ್ಲ! ಆ ಹೊತ್ತಿಗೆ ಮಗುವಿನ ಮಧ್ಯಾಹ್ನದ ನಿದ್ದೆ ಕಾರಿನಲ್ಲಿ ಅರೆಬರೆಯಾಗಿ ಮುಗಿದಿರುತ್ತದೆ. ಹೊಟ್ಟೆಯಲ್ಲಿ ದಾರಿಯಲ್ಲಿ ತಿಂದ ಚಿಪ್ಸು ಬಿಟ್ಟರೆ ಏನೂ ಇರುವುದಿಲ್ಲ. ಗಾಡಿ ನಿಲ್ಲಿಸಲು ಜಾಗ ಸಿಕ್ಕಿರುವುದಿಲ್ಲ, ಪಡುಗಾಳಿ ಮರಳನ್ನೆತ್ತಿ ಮುಖಕ್ಕೆ ಎರಚುತ್ತಿರುತ್ತದೆ, ಬಿಸಿಲು ನೇರ ಕಣ್ಣಿಗೆ. ಅರ್ಧ ಗಂಟೆಗೆ ಅಳು, ಒಂದು ಗಂಟೆಗೆ ಕತ್ತಲೆ.

ನಮ್ಮ ಕರಾವಳಿ ಪಡುವಣಕ್ಕೆ ಮುಖ ಮಾಡಿಕೊಂಡಿದೆ. ಬೆಳಿಗ್ಗೆ ಸೂರ್ಯ ಹಿಂದಿನ ತೆಂಗು, ಗಾಳಿಮರಗಳ ಮರೆಯಿಂದ ಏಳುತ್ತಾನೆ. ಅವುಗಳ ನೆರಳು ಮರಳಿನ ಮೇಲೆ ಉದ್ದಕ್ಕೆ ಬಿದ್ದಿರುತ್ತದೆ. ಗಾಳಿ ನೆಲದ ಕಡೆಯಿಂದ ಮೆಲ್ಲಗೆ ಬೀಸುವುದರಿಂದ ಅಲೆಗಳೂ ಸ್ವಲ್ಪ ಸುಮ್ಮನಿರುತ್ತವೆ. ಹತ್ತು–ಹನ್ನೊಂದರ ಮೇಲೆ ಗಾಳಿ ತಿರುಗಿ ಪಡುಗಾಳಿ ಏರುತ್ತದೆ. ಆದ್ದರಿಂದ ಐದು ವರ್ಷದೊಳಗಿನ ಮಕ್ಕಳಿದ್ದರೆ ಹಿಂದಿನ ದಿನವೇ ಊರು ತಲುಪಿ, ರಾತ್ರಿ ಮಲಗಿ, ಬೆಳಿಗ್ಗೆ ಏಳರಿಂದ ಒಂಬತ್ತರವರೆಗೆ ಕಡಲಿಗೆ ಹೋಗಿ. ಎರಡು ಗಂಟೆ ಸಾಕು. ಮಗು ಇನ್ನೂ ಖುಷಿಯಲ್ಲಿರುವಾಗಲೇ ಹೊರಡುವುದು ಇಡೀ ಯೋಜನೆಯ ತಿರುಳು. ಬೆಳಗಿನ ಇನ್ನೊಂದು ಲಾಭ: ಅದೃಷ್ಟವಿದ್ದರೆ ಮೀನುಗಾರರು ದಡದಲ್ಲಿ ನಿಂತು ಕೈರಂಪಣಿ ಬಲೆ ಎಳೆಯುವುದು ಕಾಣಸಿಗುತ್ತದೆ. ಮಕ್ಕಳಿಗೆ ಅದಕ್ಕಿಂತ ದೊಡ್ಡ ತಮಾಷೆ ಬೇರೆ ಬೇಡ.

ಒಂದು ತೊಂದರೆಯಿದೆ. ಅಷ್ಟು ಬೆಳಿಗ್ಗೆ ಲೈಫ್‌ಗಾರ್ಡ್ ಇನ್ನೂ ಬಂದಿರದೆ ಇರಬಹುದು. ಅವರಿಲ್ಲದ ಹೊತ್ತಿನಲ್ಲಿ ಮಕ್ಕಳಿಗೆ ಪಾದ ಮುಳುಗುವಷ್ಟೇ ನೀರು, ಅದಕ್ಕಿಂತ ಮುಂದೆ ಬೇಡ.

ತಿಂಗಳು, ತಿಥಿ, ಜಾಗ

ನವೆಂಬರ್‌ನಿಂದ ಫೆಬ್ರವರಿಯವರೆಗೆ ಕಡಲು ಸೌಮ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದೂರದಿಂದ ನೋಡಿ ಬನ್ನಿ, ನೀರಿಗೆ ಇಳಿಯುವ ಮಾತೇ ಬೇಡ. ತೊಡಕಿರುವುದು ಏಪ್ರಿಲ್–ಮೇ ರಜೆಯಲ್ಲಿ. ಸೆಖೆಯಂತೂ ಇದ್ದೇ ಇದೆ. ಜೊತೆಗೆ ದಕ್ಷಿಣದ ದೂರದ ಸಾಗರದಲ್ಲೆಲ್ಲೋ ಎದ್ದ ಅಲೆಗಳು ದಿನಗಟ್ಟಲೆ ಉರುಳಿ ಬಂದು, ಇಲ್ಲಿ ಗಾಳಿಯ ಸುಳಿವೇ ಇಲ್ಲದಿದ್ದರೂ ದಡವನ್ನು ನುಂಗುವುದು ಹೆಚ್ಚಾಗಿ ಈ ತಿಂಗಳುಗಳಲ್ಲೇ. ಇದಕ್ಕೆ ಮಲಯಾಳದಲ್ಲಿ ‘ಕಳ್ಳಕಡಲ್’ ಎನ್ನುತ್ತಾರೆ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯಿಸ್ (INCOIS) ಇದರ ಮುನ್ನೆಚ್ಚರಿಕೆ ಕೊಡುತ್ತದೆ. ಹೊರಡುವ ಮುನ್ನಾದಿನ ಅದನ್ನು ನೋಡಿ. ಎಚ್ಚರಿಕೆ ಇದ್ದರೆ ಆಕಾಶ ಎಷ್ಟೇ ತಿಳಿಯಾಗಿದ್ದರೂ ಮರಳಿನ ಮೇಲ್ಭಾಗದಲ್ಲೇ ಆಡಿಸಿ.

ಭರತ–ಇಳಿತ ದಿನಕ್ಕೆ ಎರಡೆರಡು ಬಾರಿ. ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಇಳಿತದಲ್ಲಿ ಗಟ್ಟಿಯಾದ ಒದ್ದೆ ಮರಳು ಅಗಲವಾಗಿ ತೆರೆದುಕೊಳ್ಳುತ್ತದೆ, ಅಲ್ಲಲ್ಲಿ ಅಂಗೈಯಾಳದ ನೀರಿನ ಗುಂಡಿಗಳು ಉಳಿಯುತ್ತವೆ. ಎರಡು ವರ್ಷದ ಮಗುವಿಗೆ ಆ ಗುಂಡಿಯೇ ಕಡಲು. ಅಮಾವಾಸ್ಯೆ, ಹುಣ್ಣಿಮೆ ಕಳೆದ ಮೂರು–ನಾಲ್ಕನೆಯ ದಿನ ನಮ್ಮ ಕರಾವಳಿಯಲ್ಲಿ ಬೆಳಗಿನ ಇಳಿತ ಹೆಚ್ಚುಕಡಿಮೆ ಏಳೆಂಟು ಗಂಟೆಗೆ ಬೀಳುತ್ತದೆ. ಆ ಊರಿನ ಖಚಿತ ವೇಳೆ ಮೊಬೈಲಿನಲ್ಲೇ ಸಿಗುತ್ತದೆ.

ಜಾಗದ ವಿಷಯದಲ್ಲಿ ಚಂದಕ್ಕಿಂತ ಶೌಚಾಲಯ ಮುಖ್ಯ. ಪಣಂಬೂರು, ಮಲ್ಪೆಗಳಲ್ಲಿ ಜನ ಜಾಸ್ತಿ, ಆದರೆ ಅಂಗಡಿ, ಲೈಫ್‌ಗಾರ್ಡ್ ಎಲ್ಲ ಹತ್ತಿರ. ಶುಚಿಯಾದ, ಸುರಕ್ಷಿತ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಮನ್ನಣೆಯನ್ನು 2020ರಲ್ಲಿ ಪಡೆದ ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕೈಕಾಲು ತೊಳೆಯುವ ವ್ಯವಸ್ಥೆ ಇರುವ ಜಾಗಗಳು. ತೆರೆಯುವ ಹೊತ್ತನ್ನು ಮೊದಲೇ ಕೇಳಿಕೊಳ್ಳಿ. ಗೋಕರ್ಣದ ಕುಡ್ಲೆ ತೀರಕ್ಕೆ ಇಳಿದು ಹತ್ತಬೇಕು. ನಿದ್ದೆ ಹೋದ ಮಗುವನ್ನೂ ಒದ್ದೆ ಚೀಲವನ್ನೂ ಹೊತ್ತು ಹತ್ತುವ ಶಕ್ತಿ ಇದ್ದರೆ ಹೋಗಿ. ಮರವಂತೆ, ಸೋಮೇಶ್ವರ ನೋಡಲು ಸೊಗಸು, ಮಕ್ಕಳನ್ನು ನೀರಿಗಿಳಿಸಲು ಅಲ್ಲ. ನದಿ ಕಡಲು ಸೇರುವ ಅಳಿವೆಗಳ ಬಾಯಿ, ಸಸಿಹಿತ್ಲು ಅಥವಾ ಕೋಡಿಬೆಂಗ್ರೆಯಂಥವು, ಬಹಳ ಶಾಂತವಾಗಿ ಕಾಣುತ್ತವೆ. ಇಳಿತದ ಹೊತ್ತಿನಲ್ಲಿ ನದಿಯ ನೀರೆಲ್ಲ ಅಲ್ಲಿಂದಲೇ ಹೊರಗೆ ಓಡುತ್ತಿರುತ್ತದೆ. ಅಲ್ಲಿ ಪಾದವೂ ಬೇಡ.

ಘಟ್ಟದ ದಾರಿ

ಆಗುಂಬೆಯಲ್ಲಿ 14 ಹೇರ್‌ಪಿನ್ ತಿರುವು. ತುಂಬಿದ ಹೊಟ್ಟೆಯೂ ವಾಂತಿ ಮಾಡಿಸುತ್ತದೆ, ಖಾಲಿ ಹೊಟ್ಟೆಯೂ ಮಾಡಿಸುತ್ತದೆ. ಘಟ್ಟ ಸೇರುವ ಒಂದು ಗಂಟೆ ಮೊದಲು ಒಂದೆರಡು ಇಡ್ಲಿ. ಹಾಲು, ಎಣ್ಣೆತಿಂಡಿ ಬೇಡ. ಮೊಬೈಲ್ ಕಿತ್ತಿಡಿ, ಕಣ್ಣು ಮುಂದಿನ ರಸ್ತೆಯ ಮೇಲಿರಲಿ, ಕಿಟಕಿ ಎರಡು ಬೆರಳು ಇಳಿಸಿ. ವಾಂತಿಗೆ ಪ್ಲಾಸ್ಟಿಕ್ ಕವರ್ ನಂಬಬೇಡಿ, ಅದು ಬಾಯಿ ಮುಚ್ಚಿಕೊಳ್ಳುತ್ತದೆ, ತೂತೂ ಇರುತ್ತದೆ. ಮುಚ್ಚಳವಿರುವ ಹಳೆಯ ಒಂದು ಲೀಟರ್ ಐಸ್‌ಕ್ರೀಮ್ ಡಬ್ಬಿ ವಾಸಿ. ಮಗುವಿನ ಒಂದು ಜೊತೆ ಬಟ್ಟೆ ಡಿಕ್ಕಿಯಲ್ಲಿ ಬೇಡ, ಸೀಟಿನ ಕೆಳಗಿರಲಿ. ವಾಂತಿ ತಡೆಯುವ ಔಷಧಿಯನ್ನು ವೈದ್ಯರನ್ನು ಕೇಳದೆ ಕೊಡಬೇಡಿ. ಎರಡು ವರ್ಷದೊಳಗಿನವರಿಗೆ ಅವುಗಳಲ್ಲಿ ಕೆಲವು ಅಪಾಯಕಾರಿ.

ಚೀಲದಲ್ಲಿ ಏನಿರಬೇಕು

ಇಬ್ಬರು ದೊಡ್ಡವರು, ಇಬ್ಬರು ಮಕ್ಕಳು, ಎರಡು ಗಂಟೆ ಎಂದು ಲೆಕ್ಕ ಹಾಕೋಣ. ಕುಡಿಯಲು ಮೂರು ಲೀಟರ್ ನೀರು. ತೊಳೆಯಲು ಹತ್ತು ಲೀಟರಿನ ಒಂದು ಕ್ಯಾನ್ ಮತ್ತು ಚೊಂಬು. ಹಳೆಯ ಹತ್ತಿ ಪಂಚೆ ಎರಡು: ಒಂದು ಹಾಸಲು, ಒಂದು ಒರೆಸಲು. ದಪ್ಪ ಟರ್ಕಿ ಟವೆಲ್ ಮರಳನ್ನು ಹೀರಿಕೊಂಡು ಊರಿಗೇ ತರುತ್ತದೆ, ತೆಳು ಪಂಚೆಯಾದರೆ ಒಮ್ಮೆ ಕೊಡವಿದರೆ ಮುಗಿಯಿತು. ಕೊನೆಗೆ ಮೈಮೇಲಿನ ಮರಳು ಉದುರಿಸಲು ಟಾಲ್ಕಂ ಪೌಡರ್ ಅಥವಾ ಕಾರ್ನ್‌ಫ್ಲೋರ್. ಬಕೆಟ್ ಒಂದು, ಅಡಿಗೆಮನೆಯ ಹಳೆ ಸೌಟು ಎರಡು. ಸೌಟು ಒಂದೇ ಒಯ್ದರೆ ಜಗಳ ಖಂಡಿತ.

ಬಟ್ಟೆಯ ಬಣ್ಣ ಕೆಂಪೋ ಕಿತ್ತಳೆಯೋ ಇರಲಿ. ನೀಲಿ, ಬಿಳಿ, ಬೂದು ಬಣ್ಣದ ಅಂಗಿ ನೊರೆನೀರಿನಲ್ಲಿ ಕಾಣುವುದೇ ಇಲ್ಲ. ಮಾಮೂಲಿ ಡೈಪರ್ ಕಡಲ ನೀರು ಕುಡಿದು ಕಲ್ಲಂಗಡಿಯಷ್ಟು ಊದಿಕೊಳ್ಳುತ್ತದೆ, ಜಾರುತ್ತದೆ, ಕೆಲವೊಮ್ಮೆ ಒಡೆದು ಒಳಗಿನ ಅಂಟು ಹೊರಬರುತ್ತದೆ. ನೀರಿಗಿಳಿಯುವ ಮೊದಲು ಅದನ್ನು ಬಿಚ್ಚಿ, ಬಿಗಿಯಾದ ಚಡ್ಡಿ ಅಥವಾ ಈಜು ಡೈಪರ್ ಹಾಕಿ.

ಸನ್‌ಸ್ಕ್ರೀನ್ ಎಸ್‌ಪಿಎಫ್ 30 ಅಥವಾ ಮೇಲಿನದು. ಹೊರಡುವ 20 ನಿಮಿಷ ಮೊದಲು ರೂಮಿನಲ್ಲೇ ಹಚ್ಚಿ. ಮರಳು ಅಂಟಿದ ಮೇಲೆ ಹಚ್ಚಿದರೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಕಿವಿಯ ಮೇಲ್ತುದಿ, ಪಾದದ ಮೇಲ್ಭಾಗ ಎಲ್ಲರೂ ಮರೆಯುವ ಜಾಗಗಳು. ಆರು ತಿಂಗಳೊಳಗಿನ ಕೂಸಿಗೆ ನೆರಳೇ ಸನ್‌ಸ್ಕ್ರೀನ್.

ತಿಂಡಿ ಒಂದೇ ಕೈಯಲ್ಲಿ ಹಿಡಿದು ತಿನ್ನುವಂಥದ್ದಾಗಲಿ: ತುಪ್ಪ ಬೆಲ್ಲ ಸವರಿ ಸುತ್ತಿದ ಚಪಾತಿ, ಸಣ್ಣ ಇಡ್ಲಿ, ಉದ್ದಕ್ಕೆ ಹೆಚ್ಚಿದ ಸೌತೆಕಾಯಿ. ಮೊಸರನ್ನ, ಚುರುಮುರಿಗೆ ಮರಳು ಬಿದ್ದರೆ ಇಡೀ ಡಬ್ಬಿ ಹೋಯಿತು. ಮೊಸರನ್ನವನ್ನು ಕಾರಿಗೆ ಮರಳಿದ ಮೇಲೆ ಕೊಡಿ. ದಣಿದ ಮಗು ಅದನ್ನು ತಿಂದೇ ಮಲಗುತ್ತದೆ.

ನೀರಿನ ಅಂಚಿನಲ್ಲಿ

ಅಲೆ ಹಿಂದಕ್ಕೆ ಹೋಗುವಾಗ ಮಗುವಿನ ಕಾಲನ್ನು ಗಮನಿಸಿ. ಹಿಮ್ಮಡಿಯ ಕೆಳಗಿನ ಮರಳನ್ನು ನೀರು ಕೊರೆದು ಒಯ್ಯುತ್ತದೆ. ಎರಡು ಮೂರು ಅಲೆಗೆ ಹಿಮ್ಮಡಿ ಒಂದಂಗುಲ ಕುಸಿಯುತ್ತದೆ, ಮಗು ಹಿಂದಕ್ಕೆ ವಾಲಿ ಕುಳಿತುಬಿಡುತ್ತದೆ. ಅಷ್ಟರಲ್ಲಿ ಬಂದ ಮುಂದಿನ ಅಲೆ ನಿಂತ ಮಗುವಿಗೆ ಮೊಣಕಾಲಿನವರೆಗೆ, ಕುಳಿತ ಮಗುವಿಗೆ ಬಾಯಿಯವರೆಗೆ. ಅದಕ್ಕೇ ದೊಡ್ಡವರು ಮಗುವಿಗೂ ಕಡಲಿಗೂ ನಡುವೆ ನಿಲ್ಲಬೇಕು, ಅಡ್ಡಕ್ಕೆ ತಿರುಗಿ, ಒಂದು ಕಣ್ಣು ಅಲೆಯ ಮೇಲೆ, ಒಂದು ಮಗುವಿನ ಮೇಲೆ. ಬೆರಳು ಹಿಡಿದರೆ ಒದ್ದೆ ಕೈ ಜಾರುತ್ತದೆ. ಮಣಿಕಟ್ಟು ಹಿಡಿದು ಜಗ್ಗಿ ಮೇಲೆತ್ತಿದರೆ ಐದರೊಳಗಿನ ಮಕ್ಕಳಿಗೆ ಮೊಣಕೈ ಕೀಲು ಜಾರುವುದುಂಟು. ದೊಡ್ಡ ಅಲೆ ಬಂದಾಗ ಎರಡೂ ಕೈಯನ್ನು ಕಂಕುಳಿಗೆ ಹಾಕಿ ಎತ್ತಿಬಿಡಿ.

ಎಲ್ಲಕ್ಕಿಂತ ದೊಡ್ಡ ಮೋಸ ಇಲ್ಲಿದೆ. ಬಿಳಿ ನೊರೆಯ ಅಲೆಗಳ ನಡುವೆ ಒಂದು ಕಡೆ ಮಾತ್ರ ಅಲೆ ಒಡೆಯದೆ, ನೀರು ಕಪ್ಪಾಗಿ, ಶಾಂತವಾಗಿ ಕಂಡರೆ ಅಲ್ಲಿ ಸೆಳೆತ ಇದೆ ಎಂದೇ ತಿಳಿಯಿರಿ. ದಡಕ್ಕೆ ಬಂದ ನೀರು ವಾಪಸು ಹೋಗುವ ದಾರಿ ಅದು. ‘ಇಲ್ಲಿ ಅಲೆ ಇಲ್ಲ, ಇಲ್ಲೇ ಆಡಲಿ’ ಎಂದು ತಂದೆತಾಯಿ ಆರಿಸುವುದೂ ಅದೇ ಜಾಗವನ್ನು. ಯಾರಾದರೂ ಸೆಳೆತಕ್ಕೆ ಸಿಕ್ಕರೆ ದಡದತ್ತ ಈಜಿ ದಣಿಯಬಾರದು, ತೇಲಿಕೊಂಡು ದಡಕ್ಕೆ ಸಮನಾಗಿ ಪಕ್ಕಕ್ಕೆ ಸರಿಯಬೇಕು. ಈಜು ಬಾರದವರು ಹಿಂದೆ ಹಾರಬಾರದು. ತೊಳೆಯುವ ಕ್ಯಾನನ್ನು ಬರಿದು ಮಾಡಿ ಮುಚ್ಚಳ ಬಿಗಿದು ಎಸೆಯಿರಿ, ಅದು ತೇಲುತ್ತದೆ. ಲೈಫ್‌ಗಾರ್ಡನ್ನು ಕೂಗಿ, 112ಕ್ಕೆ ಕರೆ ಮಾಡಿ.

ಗಾಳಿ ತುಂಬಿದ ಟ್ಯೂಬು, ಬಾತುಕೋಳಿಗಳನ್ನು ಈಜುಕೊಳಕ್ಕೆ ಇಟ್ಟುಕೊಳ್ಳಿ. ಬೆಳಗಿನ ಗಾಳಿ ಕಡಲಿನ ಕಡೆಗೇ ಬೀಸುವುದರಿಂದ ಅವು ಮಗುವನ್ನು ಹೊತ್ತು ಹೊರಗೆ ತೇಲುತ್ತವೆ. ಹೋದ ಚೆಂಡನ್ನು ತರಲು ಹೋಗಬೇಡಿ.

ಕುಟುಂಬ ದೊಡ್ಡದಾದಷ್ಟು ನಿಗಾ ಸಡಿಲ. ಅಜ್ಜಿ ಅಂದುಕೊಳ್ಳುತ್ತಾರೆ ಅಪ್ಪ ನೋಡುತ್ತಿದ್ದಾನೆ ಎಂದು, ಅಪ್ಪ ಅಂದುಕೊಳ್ಳುತ್ತಾನೆ ಚಿಕ್ಕಮ್ಮ ಇದ್ದಾಳೆ ಎಂದು, ಚಿಕ್ಕಮ್ಮ ಫೋಟೊ ತೆಗೆಯುತ್ತಿರುತ್ತಾಳೆ. ಹದಿನೈದು ನಿಮಿಷಕ್ಕೊಬ್ಬರಂತೆ ಹೆಸರು ಹಿಡಿದು ಒಪ್ಪಿಸಿ: ‘ಈಗ ನಿಮ್ಮ ಸರದಿ’. ಸರದಿಯವರ ಕೈಯಲ್ಲಿ ಮೊಬೈಲ್ ಇರಕೂಡದು. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದೂ ಇಲ್ಲ. ತೀರಕ್ಕೆ ಬಂದ ಕೂಡಲೇ ಮಗುವಿನ ಒಂದು ಪೂರ್ತಿ ಫೋಟೊ ತೆಗೆದಿಡಿ, ಒಳತೋಳಿನ ಮೇಲೆ ಮಾರ್ಕರಿನಲ್ಲಿ ಫೋನ್ ನಂಬರ್ ಬರೆಯಿರಿ. ಮಗು ಕಾಣದಾದರೆ ಮೊದಲು ನೀರಿನ ಕಡೆ ನೋಡಿ, ಅಂಗಡಿಗಳ ಕಡೆ ಆಮೇಲೆ.

ಮರಳಿನಲ್ಲಿ ತೋಡುವ ಗುಂಡಿ ಮಗುವಿನ ಮೊಣಕಾಲಿಗಿಂತ ಆಳವಾಗಬಾರದು. ಒಣಗಿದ ಗೋಡೆ ಕುಸಿದು ಒಳಗಿನವರನ್ನು ಮುಚ್ಚಿಬಿಡುತ್ತದೆ.

ಎಡವಟ್ಟಾದಾಗ

ಮಗು ಕಡಲು ಕಂಡ ಕೂಡಲೇ ಕಿರುಚಿ ಹೆಗಲೇರಿತೇ? ಬಹಳ ಸಾಮಾನ್ಯ. ಶಬ್ದಕ್ಕೆ ಹೆದರುತ್ತದೆ, ನೀರಿಗಲ್ಲ. ಇಪ್ಪತ್ತು ಹೆಜ್ಜೆ ಹಿಂದೆ ಕೂರಿಸಿ, ಬಕೆಟ್ಟಿನಲ್ಲಿ ಕಡಲನ್ನು ತಂದುಕೊಡಿ. ಅಳುವ ಮಗುವನ್ನು ಫೋಟೊಗಾಗಿ ಅಲೆಗೆ ಒಯ್ದರೆ ಮುಂದಿನ ಸಲವೂ ಇದೇ ಕಥೆ.

ಕಣ್ಣಿಗೆ ಮರಳು ಬಿದ್ದರೆ ಉಜ್ಜಲು ಬಿಡದೆ ಕುಡಿಯುವ ನೀರನ್ನು ಮೂಗಿನ ಕಡೆಯಿಂದ ಕಿವಿಯ ಕಡೆಗೆ ಧಾರೆಯಾಗಿ ಬಿಡಿ. ಜೆಲ್ಲಿ ಫಿಶ್ ತಾಗಿದರೆ ಕಡಲ ನೀರಿನಿಂದಲೇ ತೊಳೆಯಿರಿ. ಸಿಹಿನೀರು ಹಾಕಿದರೆ, ಮರಳಿನಿಂದ ಉಜ್ಜಿದರೆ ಉಳಿದ ವಿಷದ ಎಳೆಗಳೂ ಸಿಡಿಯುತ್ತವೆ. ಅಂಟಿದ ಎಳೆಗಳನ್ನು ಚಿಮುಟದಿಂದ ಮೆಲ್ಲಗೆ ತೆಗೆಯಿರಿ, ಆಮೇಲೆ ತಾಳಬಲ್ಲಷ್ಟು ಬಿಸಿನೀರಿನಲ್ಲಿ 20 ನಿಮಿಷ ಇಡಿ. ಉಸಿರಾಟ ಕಷ್ಟವಾದರೆ, ಮುಖ ಊದಿದರೆ 108. ಬಾಲದಲ್ಲಿ ವಿಷಮುಳ್ಳಿರುವ ತೊರಕೆ ಮೀನು (ಸ್ಟಿಂಗ್‌ರೇ) ಮರಳಲ್ಲಿ ಹುದುಗಿ ಕೂತಿರುತ್ತದೆ. ನೀರಿನಲ್ಲಿ ಕಾಲೆತ್ತಿ ಇಡದೆ ಎಳೆದುಕೊಂಡು ನಡೆದರೆ ಅದೇ ಸರಿದು ಹೋಗುತ್ತದೆ. ಚುಚ್ಚಿದರೆ ಬಿಸಿನೀರು, ಕೂಡಲೇ ಆಸ್ಪತ್ರೆ. ಒಂದು ಗುಟುಕು ಉಪ್ಪುನೀರು ಕುಡಿದು ವಾಂತಿಯಾದರೆ ಗಾಬರಿ ಬೇಡ. ನೀರಿನಲ್ಲಿ ಮುಳುಗೆದ್ದ ಮಗು ಆಮೇಲೂ ಕೆಮ್ಮುತ್ತಿದ್ದರೆ, ಮಂಕಾದರೆ ವೈದ್ಯರಲ್ಲಿಗೆ ಹೋಗಲೇಬೇಕು.

ಮಳೆ ಬಂತು, ಅಲೆ ಜೋರಾಯಿತು ಎಂದಾದರೆ ಎರಡನೆಯ ಯೋಜನೆ ಕೈಯಲ್ಲಿರಲಿ: ಮಂಗಳೂರಿನ ಬಳಿ ಪಿಲಿಕುಳ ನಿಸರ್ಗಧಾಮ, ಕಾರವಾರದಲ್ಲಿ ಯುದ್ಧನೌಕೆ ಮ್ಯೂಸಿಯಂ.

ಹೊರಡುವುದು

ಮೂರು ವರ್ಷದವರಿಗೆ ‘ಇನ್ನು ಐದು ನಿಮಿಷ’ ಎಂದರೆ ಏನೂ ತಿಳಿಯದು. ‘ಇನ್ನು ಮೂರು ಬಕೆಟ್ ನೀರು, ಆಮೇಲೆ ಎಳನೀರು’ ಎನ್ನಿ, ಬಕೆಟ್ ಎಣಿಸಿ. ಎಳನೀರು ಮಾರುವವರು ರಸ್ತೆಯ ಕಡೆಗೇ ಇರುವುದರಿಂದ ಕಾಲು ತಾನಾಗಿ ಅತ್ತ ನಡೆಯುತ್ತದೆ.

ಮರಳು ತೆಗೆಯುವ ಕ್ರಮ ಇದು. ಮೊದಲು ಕ್ಯಾನಿನ ನೀರಿನಿಂದ ಸೊಂಟದ ಕೆಳಗೆ ತೊಳೆದು, ಚಡ್ಡಿಯ ಇಲಾಸ್ಟಿಕ್ ಒಳಗೆ ಸೇರಿದ ಮರಳನ್ನು ಇಳಿಸಿ. ಅಲ್ಲಿ ಉಳಿದದ್ದು ಘಟ್ಟ ಹತ್ತುವಷ್ಟರಲ್ಲಿ ತೊಡೆಸಂದನ್ನು ಕೆಂಪಗೆ ಉಜ್ಜಿರುತ್ತದೆ. ಕಾಲಿಗೆ ಅಂಟಿದ್ದನ್ನು ಒದ್ದೆಯಲ್ಲೇ ಒರೆಸಬೇಡಿ. ಪೌಡರ್ ಉದುರಿಸಿ, ತೇವ ಹೀರಲು ಅರೆ ನಿಮಿಷ ಬಿಟ್ಟು, ಅಂಗೈಯಿಂದ ಕೆಳಕ್ಕೆ ಸವರಿದರೆ ಬೆರಳ ಸಂದಿಯದ್ದೂ ಒಣ ರವೆಯ ಹಾಗೆ ಉದುರುತ್ತದೆ. ಒದ್ದೆ ಬಟ್ಟೆಯನ್ನು ರೂಮಿನ ನಲ್ಲಿಯ ಕೆಳಗೆ ಹಿಂಡಬೇಡಿ, ಮೋರಿ ಕಟ್ಟುತ್ತದೆ. ಬಕೆಟ್ಟಿನಲ್ಲಿ ಅಲುಬಿ, ತಳದ ಮರಳನ್ನು ಹೊರಗೆ ಚೆಲ್ಲಿ.

ಗಾಡಿ ಹತ್ತುವ ಮೊದಲು ಜೇಬುಗಳನ್ನು ತಡವಿ ನೋಡಿ. ಆರಿಸಿದ ಚಿಪ್ಪುಗಳಲ್ಲಿ ಒಂದೆರಡರೊಳಗೆ ಜೀವವೋ ಪುಟ್ಟ ಏಡಿಯೋ ಇದ್ದೇ ಇರುತ್ತದೆ. ಅಂಥವನ್ನು ಮಗುವಿನ ಕೈಯಿಂದಲೇ ವಾಪಸು ನೀರಿಗೆ ಬಿಡಿಸಿ. ಇಲ್ಲದಿದ್ದರೆ ಸಕಲೇಶಪುರ ದಾಟುವಷ್ಟರಲ್ಲಿ ಕಾರೆಲ್ಲ ನಾರುತ್ತದೆ, ವಾಸನೆ ಎಲ್ಲಿಂದ ಎಂದು ಹುಡುಕಲು ಅರ್ಧ ದಿನ ಬೇಕು.