ವರ್ಕ್‌ಶಾಪ್ ಮಷೀನಿನ ಹಳೆ ಕಂಪ್ಯೂಟರ್‌ಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವುದು ಹೇಗೆ?

ಬೆಳಗಾವಿಯ ಉದ್ಯಮಬಾಗ, ಮಚ್ಛೆ, ಆಟೋ ನಗರದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಹಳೆ ಡೆಸ್ಕ್‌ಟಾಪ್ ಕಂಪ್ಯೂಟರ್‌ಗಳು ಇನ್ನೂ ದುಡಿಯುತ್ತಿವೆ. ಕೀಬೋರ್ಡ್ ಮೇಲೆ ಪ್ಲಾಸ್ಟಿಕ್ ಹಾಳೆ, ಕ್ಯಾಬಿನೆಟ್ ಮೇಲೆ ಕಪ್ಪು ಧೂಳು, ಪರದೆಯಲ್ಲಿ ವಿಂಡೋಸ್ ಎಕ್ಸ್‌ಪಿ. ಹಿಂದುಗಡೆ 25 ಪಿನ್ನಿನ ಪ್ಯಾರಲಲ್ ಪೋರ್ಟ್. ಅಲ್ಲಿಂದ ಹೊರಟ ಕೇಬಲ್ ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ಓಡುವ) ರೌಟರ್‌ಗೋ, ಮಿಲ್ಲಿಂಗ್ ಮಷೀನಿಗೋ, ಪ್ಲಾಸ್ಮಾ ಕಟರ್‌ಗೋ ಸೇರಿರುತ್ತದೆ. ಕಂಪ್ಯೂಟರ್ ಕೆಟ್ಟರೆ ಲಕ್ಷಾಂತರ ರೂಪಾಯಿಯ ಮಷೀನು ಸುಮ್ನೆ ನಿಲ್ಲುತ್ತದೆ.

ಇಂಥ ಕಂಪ್ಯೂಟರ್‌ಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕುವುದು ಆಫೀಸಿನ ಕಂಪ್ಯೂಟರ್‌ಗೆ ಹಾಕಿದಂತಲ್ಲ. ಇಲ್ಲಿ ಒಂದು ಸೆಟ್ಟಿಂಗ್ ತಪ್ಪಿದರೆ ಟೂಲ್ ಮುರಿಯುತ್ತದೆ, ಕೈಗೂ ಪೆಟ್ಟಾಗಬಹುದು. ಹಾಗಾಗಿ ಒಂದು ನಿಯಮ ಇಟ್ಟುಕೊಳ್ಳಿ. ಏನೇ ಮಾಡಿದರೂ ಹತ್ತು ನಿಮಿಷದಲ್ಲಿ ಮಷೀನು ಹಳೆ ಸ್ಥಿತಿಗೆ ಬರುವಂತಿರಬೇಕು. ಮುಂದಿನ ಹಂತಗಳೆಲ್ಲ ಈ ನಿಯಮದ ಮೇಲೆಯೇ ನಿಂತಿವೆ.

ಬದಲಾವಣೆ ನಿಜಕ್ಕೂ ಬೇಕಾ?

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ. ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ಕ್ಕೆ. ಆದರೆ ಬೆಂಬಲ ನಿಂತಿತು ಅನ್ನುವ ಒಂದೇ ಕಾರಣಕ್ಕೆ ಮಷೀನಿನ ಕಂಪ್ಯೂಟರ್ ಬಿಚ್ಚಬೇಡಿ. ಅದಕ್ಕೆ ಇಂಟರ್‌ನೆಟ್ ಇಲ್ಲ, ಡಿಸ್ಕ್ ಚೆನ್ನಾಗಿದೆ, ಕೆಲಸ ಸರಿಯಾಗಿ ಬರುತ್ತಿದೆ ಅಂದರೆ ಡಿಸ್ಕಿನ ಒಂದು ನಕಲು ಮಾಡಿಟ್ಟುಕೊಂಡರೆ ಸಾಕು. ಡಿಸ್ಕ್ ಸದ್ದು ಮಾಡುತ್ತಿದ್ದರೆ, ಮದರ್‌ಬೋರ್ಡಿನ ಕೆಪಾಸಿಟರ್‌ಗಳು ಉಬ್ಬಿದ್ದರೆ, ಹೊಸ ಬೋರ್ಡಿಗೆ ಎಕ್ಸ್‌ಪಿ ಡ್ರೈವರ್ ಸಿಗದಿದ್ದರೆ ಮಾತ್ರ ಮುಂದಕ್ಕೆ ಹೋಗಿ.

ಇನ್ನೊಂದು ಎಚ್ಚರಿಕೆ. ಫ್ಯಾನುಕ್, ಸೀಮೆನ್ಸ್‌ನಂಥ ತಯಾರಕರ ಸ್ವಂತ ಕಂಟ್ರೋಲರ್ ಇದ್ದರೆ ಈ ಲೇಖನ ನಿಮಗಲ್ಲ. ಕೆಲವು ಕಂಟ್ರೋಲರ್‌ಗಳ ಒಳಗೂ ವಿಂಡೋಸ್ ಇರುತ್ತದೆ. ಅದನ್ನು ನಾವು ಮುಟ್ಟಬಾರದು, ತಯಾರಕರ ಸರ್ವೀಸ್‌ನವರೇ ಮಾಡಬೇಕು. ಇಲ್ಲಿ ಹೇಳುತ್ತಿರುವುದು ಸಾದಾ ಪಿಸಿಯಲ್ಲಿ ವಿಂಡೋಸ್‌ನ ಮಾಕ್3 ಅಥವಾ ಲಿನಕ್ಸ್‌ನ ಲಿನಕ್ಸ್‌ಸಿಎನ್‌ಸಿ ಎಂಬ ಸಾಫ್ಟ್‌ವೇರ್ ಹಾಕಿಕೊಂಡು ಓಡಿಸುವ ಮಷೀನುಗಳ ಬಗ್ಗೆ.

ಬಿಚ್ಚುವ ಮೊದಲು ದಾಖಲೆ

ಡೆಲಿವರಿ ತಲೆ ಮೇಲೆ ಇರುವಾಗ ಈ ಕೆಲಸ ಬೇಡ. ಗಣೇಶ ಹಬ್ಬವೋ ದೀಪಾವಳಿಯೋ ಬಂದು ಎರಡು ಮೂರು ದಿನ ಮಷೀನು ನಿಲ್ಲುವ ಹೊತ್ತು ನೋಡಿಕೊಳ್ಳಿ.

ಮೊದಲು ಹಳೆ ವ್ಯವಸ್ಥೆಯಲ್ಲೇ ಒಂದು ಪರೀಕ್ಷೆಯ ಪೀಸ್ ಮಾಡಿ. ಒಂದು ಚೌಕ, ಒಂದು ವೃತ್ತ, ನಾಲ್ಕು ತೂತು ಇದ್ದರೆ ಸಾಕು. ವರ್ನಿಯರ್‌ನಿಂದ ಅಳೆದು ಬರೆದಿಡಿ, ಪೀಸನ್ನೂ ಎತ್ತಿಡಿ. ಹೊಸದು ಸರಿ ಇದೆಯಾ ಎಂದು ಹೇಳುವುದು ಕೊನೆಗೆ ಈ ಪೀಸೇ.

ಆಮೇಲೆ ಮೊಬೈಲ್ ತೆಗೆದುಕೊಂಡು ಪ್ರತಿ ಸೆಟ್ಟಿಂಗ್ ಪರದೆಯ ಫೋಟೋ ತೆಗೆಯಿರಿ. ಮಾಕ್3ರಲ್ಲಿ ಪೋರ್ಟ್ಸ್ ಅಂಡ್ ಪಿನ್ಸ್‌ನ ಎಲ್ಲ ಟ್ಯಾಬ್‌ಗಳು, ಪ್ರತಿ ಅಕ್ಷದ ಮೋಟರ್ ಟ್ಯೂನಿಂಗ್, ಹೋಮಿಂಗ್, ಬ್ಯಾಕ್‌ಲ್ಯಾಶ್, ಜನರಲ್ ಕಾನ್ಫಿಗ್. ಬಯೋಸ್‌ನ (ಕಂಪ್ಯೂಟರ್ ಶುರುವಾಗುವಾಗ ತೆರೆಯುವ ಮೂಲ ಸೆಟ್ಟಿಂಗ್) ಪುಟಗಳನ್ನೂ ಬಿಡಬೇಡಿ, ಅದರಲ್ಲೂ ಪ್ಯಾರಲಲ್ ಪೋರ್ಟಿನ ವಿಳಾಸ ಮತ್ತು ಮೋಡ್. ಬೋರ್ಡಿನ ಮೇಲಿನ ಪೋರ್ಟಿನ ವಿಳಾಸ ಸಾಮಾನ್ಯವಾಗಿ ಹೆಕ್ಸಾಡೆಸಿಮಲ್ 378 ಇರುತ್ತದೆ. ಹಳೆ ಬೋರ್ಡಿನ ಸಿಆರ್2032 ಬ್ಯಾಟರಿ ಸತ್ತಿದ್ದರೆ ಪ್ಲಗ್ ಕಿತ್ತ ಕೂಡಲೇ ಬಯೋಸ್ ಎಲ್ಲ ಮರೆತುಬಿಡುತ್ತದೆ. ಆಗ ಫೋಟೋ ಒಂದೇ ಗತಿ.

ಮಾಕ್3 ಫೋಲ್ಡರ್ ಪೂರ್ತಿ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ಮಷೀನಿನ ಸೆಟ್ಟಿಂಗ್ ಇರುವ ಎಕ್ಸ್‌ಎಂಎಲ್ ಫೈಲು, ಲೈಸೆನ್ಸ್ ಫೈಲು, ಮ್ಯಾಕ್ರೋಗಳು ಎಲ್ಲ ಅದರಲ್ಲೇ ಇವೆ. ಲಿನಕ್ಸ್‌ಸಿಎನ್‌ಸಿ ಆದರೆ ಹೋಮ್ ಫೋಲ್ಡರಿನಲ್ಲಿರುವ ಕಾನ್ಫಿಗ್ಸ್. ಪೆನ್‌ಡ್ರೈವ್ ಹೊಸದಿರಲಿ, ವೈರಸ್ ಹರಡುವುದು ಜಾಸ್ತಿ ಇದರಿಂದಲೇ.

ಹಳೆ ಡಿಸ್ಕ್ ಹೊರಗೆ, ಹೊಸ ಡಿಸ್ಕ್ ಒಳಗೆ

ಹಳೆ ಡಿಸ್ಕ್ ಮೇಲೆ ಹೊಸ ಸಿಸ್ಟಂ ಹಾಕಬೇಡಿ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆ. ಕ್ಲೋನ್‌ಜಿಲ್ಲಾ ಎಂಬ ಉಚಿತ ಸಾಫ್ಟ್‌ವೇರಿನಿಂದ ಅದರ ನಕಲು ಇನ್ನೊಂದು ಡಿಸ್ಕ್‌ಗೆ ಇಳಿಸಿ. ಆ ನಕಲಿನಿಂದ ಒಮ್ಮೆ ಮಷೀನು ಶುರುವಾಗುತ್ತದಾ ನೋಡಿ. ಆಯಿತು ಅಂದರೆ ಮೂಲ ಡಿಸ್ಕ್ ಬಿಚ್ಚಿ ಎತ್ತಿಡಿ, ಹೊಸ ಸಿಸ್ಟಂಗೆ ಬೇರೆ ಎಸ್‌ಎಸ್‌ಡಿ ಹಾಕಿ. ಹಳೆ ಬೋರ್ಡಿನಲ್ಲಿ ಅಗಲ ಪಟ್ಟಿ ಕೇಬಲ್ಲಿನ ಐಡಿಇ ಮಾತ್ರ ಇದ್ದರೆ ಸಾಟಾ ಡಿಸ್ಕ್ ನೇರ ಕೂರುವುದಿಲ್ಲ, ಅಡಾಪ್ಟರ್ ಬೇಕು. ಅಷ್ಟು ಹಳೆಯ ಬೋರ್ಡಿಗೆ ದುಡ್ಡು ಹಾಕುವ ಬದಲು ಪ್ಯಾರಲಲ್ ಪೋರ್ಟ್ ಇರುವ ಕೋರ್ 2 ಡ್ಯುಯೋ ಕಾಲದ ಸೆಕೆಂಡ್ ಹ್ಯಾಂಡ್ ಪಿಸಿ ತರುವುದು ಮೇಲು. ಯುಎಸ್‌ಬಿಯಿಂದ ಪ್ಯಾರಲಲ್ ಮಾಡುವ ಅಗ್ಗದ ಕೇಬಲ್ ಮಾತ್ರ ತರಬೇಡಿ. ಅದು ಪ್ರಿಂಟರ್‌ಗಾಗಿ ಮಾಡಿದ್ದು, ಮೋಟರಿಗೆ ಬೇಕಾದ ಪಲ್ಸ್ (ಒಂದೊಂದು ಹೆಜ್ಜೆ ಸರಿಸುವ ವಿದ್ಯುತ್ ಸಿಗ್ನಲ್) ಅದರಿಂದ ಬರುವುದಿಲ್ಲ.

ಕ್ಯಾಬಿನೆಟ್ ತೆರೆದಾಗ ಧೂಳೂ ತೆಗೆಯಿರಿ. ನಮ್ಮದು ಫೌಂಡ್ರಿಗಳ ಊರು. ಇಲ್ಲಿನ ಧೂಳಿನಲ್ಲಿ ಕಬ್ಬಿಣದ ಪುಡಿ ಇರುತ್ತದೆ, ಅದು ಕರೆಂಟ್ ಹಾಯಿಸುತ್ತದೆ. ಕಂಪ್ರೆಸರ್ ಗಾಳಿ ನೇರ ಹಿಡಿಯಬೇಡಿ. ಮಳೆಗಾಲದಲ್ಲಂತೂ ಲೈನಿನಲ್ಲಿ ನೀರು ಸೇರಿರುತ್ತದೆ. ಬ್ಲೋವರ್ ಮತ್ತು ಮೆತ್ತನೆ ಬ್ರಷ್ ಸಾಕು.

ಯಾವ ಸಿಸ್ಟಂ ಹಾಕುವುದು?

ಮಾಕ್3ರ ಪ್ಯಾರಲಲ್ ಪೋರ್ಟ್ ಡ್ರೈವರ್ 32 ಬಿಟ್ ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ, ಅದೂ ವಿಂಡೋಸ್ 7ರವರೆಗೆ. 64 ಬಿಟ್‌ನಲ್ಲಿ ಆಗುವುದಿಲ್ಲ. ವಿಂಡೋಸ್ 11ಕ್ಕೆ 32 ಬಿಟ್ ರೂಪವೇ ಇಲ್ಲ. ಎಕ್ಸ್‌ಪಿಯಿಂದ 7ಕ್ಕೆ ಹೋದರೆ ಡ್ರೈವರ್ ಸಿಗುವುದು ಸುಲಭವಾಗುತ್ತದೆ, ಅಷ್ಟೇ. ಅದೂ ಬೆಂಬಲ ಮುಗಿದ ಸಿಸ್ಟಮ್ಮೇ ಅಲ್ವಾ?

ಹೊಸ ವಿಂಡೋಸ್ಸೇ ಬೇಕು ಅಂದರೆ ಪಲ್ಸ್ ಹುಟ್ಟಿಸುವ ಕೆಲಸವನ್ನು ಹೊರಗಿನ ಮೋಷನ್ ಕಂಟ್ರೋಲರ್ ಬೋರ್ಡಿಗೆ ಕೊಡಬೇಕು. ಯುಎಸ್‌ಬಿಯದೂ ಇದೆ, ಈಥರ್‌ನೆಟ್‌ದೂ ಇದೆ. ಪ್ಲಾಸ್ಮಾ, ವೆಲ್ಡಿಂಗ್ ಹತ್ತಿರ ಇದ್ದರೆ ಈಥರ್‌ನೆಟ್ ತೆಗೆದುಕೊಳ್ಳಿ. ಅದರ ಎರಡೂ ತುದಿಯಲ್ಲಿ ಸಣ್ಣ ಟ್ರಾನ್ಸ್‌ಫಾರ್ಮರ್ ಇರುವುದರಿಂದ ವಿದ್ಯುತ್ ಗದ್ದಲ ಒಳಗೆ ಬರುವುದು ಕಡಿಮೆ. ಸ್ಲೀಪ್, ತಾನಾಗಿ ಆಗುವ ಅಪ್‌ಡೇಟ್, ಯುಎಸ್‌ಬಿಯ ಕರೆಂಟ್ ಉಳಿತಾಯ, ಇವೆಲ್ಲ ಬಂದ್ ಮಾಡಿ.

ನನ್ನ ಒಲವು ಲಿನಕ್ಸ್‌ಸಿಎನ್‌ಸಿ ಕಡೆಗೆ. ಅಮೆರಿಕದ ಎನ್‌ಐಎಸ್‌ಟಿ ಸಂಸ್ಥೆಯಲ್ಲಿ ಶುರುವಾದ ಯೋಜನೆ ಇದು. ಮೊದಲು ಇಎಂಸಿ ಅಂತ ಹೆಸರಿತ್ತು. ಉಚಿತ, ಲೈಸೆನ್ಸ್ ಕಾಟವಿಲ್ಲ, ಹಳೆ ಪ್ಯಾರಲಲ್ ಪೋರ್ಟ್ ಇಂದಿಗೂ ಬಳಸಬಹುದು. 2.9 ಆವೃತ್ತಿಯ ಇನ್‌ಸ್ಟಾಲ್ ಫೈಲು ಡೆಬಿಯನ್ 12 ಎಂಬ ಲಿನಕ್ಸ್‌ನ ಮೇಲೆ ನಿಂತಿದೆ. ಅದಕ್ಕೆ 64 ಬಿಟ್ ಪ್ರೊಸೆಸರ್ ಬೇಕು, ರ‍್ಯಾಮ್ 4 ಜಿಬಿ ಇದ್ದರೆ ಹಾಯಾಗಿ ಓಡುತ್ತದೆ.

ಇನ್‌ಸ್ಟಾಲ್‌ಗೆ ಮೊದಲು ಲೇಟೆನ್ಸಿ

ಸ್ಟೆಪರ್ ಮೋಟರಿಗೆ ಪಲ್ಸ್ ಸರಿಯಾದ ಹೊತ್ತಿಗೆ ಸಿಗಬೇಕು. ಕಂಪ್ಯೂಟರ್ ಬೇರೆ ಕೆಲಸದಲ್ಲಿ ಸಿಕ್ಕಿ ಪಲ್ಸ್ ತಡ ಮಾಡಿದರೆ ಮೋಟರ್ ಹೆಜ್ಜೆ ತಪ್ಪುತ್ತದೆ, ಜಾಬ್ ಅಳತೆ ಹೋಗುತ್ತದೆ. ಈ ತಡಕ್ಕೆ ಲೇಟೆನ್ಸಿ, ಅದರ ಏರುಪೇರಿಗೆ ಜಿಟ್ಟರ್ ಅನ್ನುತ್ತಾರೆ. ಕಂಪ್ಯೂಟರ್ ಎಷ್ಟು ವೇಗದ್ದು ಎನ್ನುವುದಕ್ಕಿಂತ ಇದೇ ಮುಖ್ಯ. ದುಬಾರಿ ಹೊಸ ಲ್ಯಾಪ್‌ಟಾಪ್ ಇದರಲ್ಲಿ ಫೇಲಾಗಿ ಹಳೆ ಆಫೀಸ್ ಪಿಸಿ ಪಾಸಾಗಬಹುದು.

ಲಿನಕ್ಸ್‌ಸಿಎನ್‌ಸಿಯ ಪೆನ್‌ಡ್ರೈವಿನಿಂದ ಬೂಟ್ ಮಾಡಿ, ಏನೂ ಇನ್‌ಸ್ಟಾಲ್ ಮಾಡದೆಯೇ ಲೇಟೆನ್ಸಿ ಟೆಸ್ಟ್ ಓಡಿಸಿ. ಅದು ಓಡುವಾಗ ಕಂಪ್ಯೂಟರ್‌ಗೆ ಬೇಕಂತಲೇ ಕಷ್ಟ ಕೊಡಿ. ದೊಡ್ಡ ಫೈಲು ಕಾಪಿ ಮಾಡಿ, ವಿಂಡೋಗಳನ್ನು ಎಳೆದಾಡಿ, ವಿಡಿಯೋ ಹಾಕಿ. ಸಾಧ್ಯವಾದಷ್ಟು ಹೊತ್ತು ಬಿಡಿ. ಗರಿಷ್ಠ ಜಿಟ್ಟರ್ 15ರಿಂದ 20 ಮೈಕ್ರೋಸೆಕೆಂಡಿನ ಒಳಗಿದ್ದರೆ ಬಹಳ ಒಳ್ಳೆಯದು. 30ರಿಂದ 50 ಇದ್ದರೆ ಕೆಲಸ ಆಗುತ್ತದೆ, ವೇಗ ಸ್ವಲ್ಪ ಕಡಿಮೆ. 100 ದಾಟಿದರೆ ಪ್ಯಾರಲಲ್ ಪೋರ್ಟ್ ನಂಬಿಕೊಂಡು ಓಡಿಸುವುದು ಬೇಡ. ಪರದೆಯಲ್ಲಿ ಅಂಕಿ ನ್ಯಾನೋಸೆಕೆಂಡಿನಲ್ಲಿ ಬರುತ್ತದೆ, ಅಲ್ಲಿ 20000 ಅಂದರೆ 20 ಮೈಕ್ರೋಸೆಕೆಂಡ್.

ಜಾಸ್ತಿ ಬಂದರೆ ಕೂಡಲೇ ಕೈಬಿಡಬೇಡಿ. ಬಯೋಸ್‌ಗೆ ಹೋಗಿ ಹೈಪರ್‌ಥ್ರೆಡಿಂಗ್, ಸ್ಪೀಡ್‌ಸ್ಟೆಪ್, ಸಿ-ಸ್ಟೇಟ್ ಇವುಗಳನ್ನು ಆಫ್ ಮಾಡಿ ಮತ್ತೆ ನೋಡಿ. ಅದಕ್ಕೂ ಬಗ್ಗದಿದ್ದರೆ ಮೆಸಾದಂಥ ಈಥರ್‌ನೆಟ್ ಬೋರ್ಡ್ ಹಾಕಬಹುದು. ಆಗ ಪಲ್ಸ್ ಬೋರ್ಡಿನಲ್ಲೇ ಹುಟ್ಟುತ್ತದೆ, ಕಂಪ್ಯೂಟರ್ ಒಂದು ಮಿಲಿಸೆಕೆಂಡಿಗೊಮ್ಮೆ ಮಾತಾಡಿದರೆ ಸಾಕು.

ವೇಗದ ಲೆಕ್ಕ ಹೀಗೆ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ, ಮೋಟರ್ ಓಡಿಸುವ ಡ್ರೈವರ್ ಬೋರ್ಡಿನಲ್ಲಿ ಮೈಕ್ರೋಸ್ಟೆಪ್ (ಒಂದು ಹೆಜ್ಜೆಯ ತುಂಡುಗಳು) 8, ಅಂದರೆ 1600 ಪಲ್ಸ್. ಬಾಲ್ ಸ್ಕ್ರೂ ಒಂದು ಸುತ್ತಿಗೆ 5 ಮಿಲಿಮೀಟರ್ ಸರಿದರೆ ಮಿಲಿಮೀಟರಿಗೆ 320 ಪಲ್ಸ್. ಬೇಸ್ ಥ್ರೆಡ್ (ಸಾಫ್ಟ್‌ವೇರ್ ಪಲ್ಸ್ ಪಿನ್ ಬದಲಿಸುವ ಅಂತರ) 50 ಮೈಕ್ರೋಸೆಕೆಂಡ್ ಇಟ್ಟು, ಪಲ್ಸ್ ಏರಲು ಒಂದು ಸಲ, ಇಳಿಯಲು ಒಂದು ಸಲ ಅಂತ ಹಿಡಿದರೆ ಸೆಕೆಂಡಿಗೆ 10,000 ಪಲ್ಸ್. ಭಾಗಿಸಿದರೆ ಸೆಕೆಂಡಿಗೆ 31.25 ಮಿಲಿಮೀಟರ್, ನಿಮಿಷಕ್ಕೆ 1875. ಮಿಲ್ಲಿಂಗ್‌ಗೆ ಇದು ಧಾರಾಳ. ಮರದ ರೌಟರ್‌ಗೆ ಸಾಲದು.

ಅಂಕಿಗಳನ್ನು ಹೊಸ ಕಡೆಗೆ ಒಯ್ಯುವಾಗ

ಹಳೆ ಲಿನಕ್ಸ್‌ಸಿಎನ್‌ಸಿಯಿಂದ ಹೊಸದಕ್ಕೆ ಬರುವವರಿಗೆ ಕಷ್ಟ ಕಡಿಮೆ. ಹಳೆ ಕಾನ್ಫಿಗ್ ತೆರೆದರೆ ಅದೇ ಹೊಸ ರೂಪಕ್ಕೆ ಬದಲಿಸಿಕೊಳ್ಳುತ್ತದೆ. ಪೈಥಾನ್ 2ರಲ್ಲಿ ಯಾರಾದರೂ ನಿಮಗೆ ಬರೆದುಕೊಟ್ಟ ಸ್ಕ್ರಿಪ್ಟ್‌ಗಳಿದ್ದರೆ 2.9ರಲ್ಲಿ ಓಡುವುದಿಲ್ಲ, ಪೈಥಾನ್ 3ಕ್ಕೆ ತಿದ್ದಬೇಕು. ಉದ್ಯಮಬಾಗದಲ್ಲೇ ಗೋಗಟೆ ಇಂಜಿನಿಯರಿಂಗ್ ಕಾಲೇಜು ಇದೆ. ಇಂಥ ಕೆಲಸಕ್ಕೆ ಆಸಕ್ತಿ ಇರುವ ವಿದ್ಯಾರ್ಥಿಗಳನ್ನು ಕೇಳಿ ನೋಡಬಹುದು.

ಮಾಕ್3ರಿಂದ ಬರುವವರು ಸ್ಟೆಪ್‌ಕಾನ್ಫ್ ಎಂಬ ವಿಝಾರ್ಡಿನಲ್ಲಿ ಅಂಕಿಗಳನ್ನು ಕೈಯಿಂದಲೇ ತುಂಬಬೇಕು. ಇಲ್ಲಿ ಎಡವುವುದು ಸುಲಭ. ಮಾಕ್3 ವೇಗವನ್ನು ನಿಮಿಷಕ್ಕೆ ಹೇಳುತ್ತದೆ, ಸ್ಟೆಪ್‌ಕಾನ್ಫ್ ಸೆಕೆಂಡಿಗೆ ಕೇಳುತ್ತದೆ. 1800 ಇದ್ದದ್ದನ್ನು 60ರಿಂದ ಭಾಗಿಸಿ 30 ಅಂತ ಹಾಕಿ. ಪಲ್ಸ್ ಅಗಲ ಅಲ್ಲಿ ಮೈಕ್ರೋಸೆಕೆಂಡ್, ಇಲ್ಲಿ ನ್ಯಾನೋಸೆಕೆಂಡ್, 5 ಇದ್ದರೆ 5000 ಆಗುತ್ತದೆ. ವೇಗೋತ್ಕರ್ಷ ಎರಡರಲ್ಲೂ ಸೆಕೆಂಡಿನ ಲೆಕ್ಕವೇ.

ಜಾಬ್‌ನ ಪ್ರೋಗ್ರಾಂಗಳಲ್ಲಿ (ಜಿ-ಕೋಡ್) ವೃತ್ತಗಳ ಮೇಲೆ ಕಣ್ಣಿಡಿ. ಐ, ಜೆ ಅಂಕಿಗಳು ಕಂಸದ ಕೇಂದ್ರವನ್ನು ಹೇಳುತ್ತವೆ. ಕೇಂದ್ರವನ್ನು ಕಂಸ ಶುರುವಾಗುವ ಬಿಂದುವಿನಿಂದ ಅಳೆಯಬೇಕಾ, ಮೂಲ ಬಿಂದುವಿನಿಂದ ಅಳೆಯಬೇಕಾ ಅನ್ನುವುದು ಮಾಕ್3ರಲ್ಲಿ ಒಂದು ಸೆಟ್ಟಿಂಗ್. ಲಿನಕ್ಸ್‌ಸಿಎನ್‌ಸಿ ಶುರುವಿನ ಬಿಂದುವನ್ನೇ ಹಿಡಿಯುತ್ತದೆ, ಅದು ಜಿ91.1. ಹಳೆ ಪ್ರೋಗ್ರಾಂ ಬೇರೆ ರೀತಿಯದಾದರೆ ಮೇಲೆ ಜಿ90.1 ಸೇರಿಸಬೇಕು, ಇಲ್ಲದಿದ್ದರೆ ಎರರ್ ಬರುತ್ತದೆ ಅಥವಾ ಕಂಸ ಎಲ್ಲೆಲ್ಲೋ ಹೋಗುತ್ತದೆ. ಡ್ರಾಯಿಂಗಿನಿಂದ ಪ್ರೋಗ್ರಾಂ ಮಾಡಿಕೊಡುವ ಕ್ಯಾಮ್ ಸಾಫ್ಟ್‌ವೇರಿನಲ್ಲೂ ಪೋಸ್ಟ್ ಪ್ರೊಸೆಸರ್ (ಮಷೀನಿಗೆ ತಕ್ಕ ಕೋಡ್ ಬರೆಯುವ ಭಾಗ) ಬದಲಿಸಿ. ಮಾಕ್3ರ ಮ್ಯಾಕ್ರೋಗಳು ಇಲ್ಲಿ ನಡೆಯುವುದಿಲ್ಲ.

ಮೊದಲ ಚಲನೆ

ಕಂಪ್ಯೂಟರ್ ಬೂಟ್ ಆಗುವಾಗ ಪ್ಯಾರಲಲ್ ಪೋರ್ಟಿನ ಪಿನ್‌ಗಳು ತಮಗೆ ತಾವೇ ಮೇಲೆ ಕೆಳಗೆ ಆಗುತ್ತವೆ. ಸ್ಪಿಂಡಲ್ (ಟೂಲ್ ತಿರುಗಿಸುವ ಭಾಗ) ರಿಲೇ ಆ ಪಿನ್‌ಗೆ ಕಟ್ಟಿದ್ದರೆ ಯಾರೂ ಹೇಳದೆ ಸ್ಪಿಂಡಲ್ ತಿರುಗಬಹುದು. ಹಾಗಾಗಿ ಸಾಫ್ಟ್‌ವೇರ್ ತೆರೆದು ತಯಾರಾದ ಮೇಲೆಯೇ ಮೋಟರ್ ಡ್ರೈವರ್‌ಗಳ ಮತ್ತು ಸ್ಪಿಂಡಲ್‌ನ ಪವರ್ ಹಾಕುವ ಅಭ್ಯಾಸ ಮಾಡಿ. ಪೋರ್ಟಿನ ಕೇಬಲ್ಲನ್ನು ಡ್ರೈವರ್‌ಗಳಿಗೆ ಜೋಡಿಸುವ ಬ್ರೇಕ್‌ಔಟ್ ಬೋರ್ಡಿನಲ್ಲಿ ಚಾರ್ಜ್ ಪಂಪ್ ಸೌಲಭ್ಯ ಇದ್ದರೆ ಬಳಸಿ. ಸಾಫ್ಟ್‌ವೇರಿನಿಂದ ಸಿಗ್ನಲ್ ಬರುತ್ತಿದ್ದರೆ ಮಾತ್ರ ಅದು ಬೋರ್ಡನ್ನು ತೆರೆಯುತ್ತದೆ. ಎಮರ್ಜೆನ್ಸಿ ಸ್ಟಾಪ್ ಕೆಂಪು ಬಟನ್ ನೇರವಾಗಿ ಪವರ್ ಕಡಿಯುವಂತಿರಬೇಕು. ಕಂಪ್ಯೂಟರ್‌ಗೆ ಬರೀ ಸುದ್ದಿ ಮುಟ್ಟಿಸುವ ಬಟನ್ ನಂಬಿ ಮಷೀನಿನ ಹತ್ತಿರ ನಿಲ್ಲಬೇಡಿ.

ಡ್ರೈವರ್ ಪವರ್ ಆಫ್ ಇಟ್ಟುಕೊಂಡೇ ಪ್ರತಿ ಲಿಮಿಟ್ ಸ್ವಿಚ್ಚನ್ನು ಕೈಯಿಂದ ಒತ್ತಿ, ಪರದೆಯಲ್ಲಿ ಸರಿಯಾದ ಹೆಸರು ಬದಲಾಗುತ್ತದಾ ನೋಡಿ. ಆಮೇಲೆ ಟೂಲ್ ತೆಗೆದು, ಒಂದು ಕೈ ಕೆಂಪು ಬಟನ್ ಮೇಲಿಟ್ಟು, ಒಂದೊಂದೇ ಅಕ್ಷವನ್ನು ನಿಧಾನ ಜಾಗ್ ಮಾಡಿ (ಕೀ ಒತ್ತಿ ಸರಿಸಿ). ದಿಕ್ಕು ಸರಿಯಿದ್ದರೆ ಹೋಮ್ ಮಾಡಿ, ಅಂದರೆ ಅಕ್ಷಗಳನ್ನು ಶುರುವಿನ ಜಾಗಕ್ಕೆ ಒಯ್ಯಿರಿ.

ಡಯಲ್ ಇಂಡಿಕೇಟರ್ ಕಟ್ಟಿ 10 ಮಿಲಿಮೀಟರ್ ಸರಿಸಿ, ಅಂಕಿ ಕೂಡುತ್ತದಾ ನೋಡಿ. ನಂತರ ಡಯಲ್‌ನ ಸೊನ್ನೆಯಿಂದ ದೂರ ಹೋಗಿ ಪೂರ್ತಿ ವೇಗದಲ್ಲಿ ಹತ್ತಾರು ಸಲ ಹಿಂದೆ ಮುಂದೆ ಓಡಿಸಿ, ಅದೇ ಸೊನ್ನೆಗೆ ಅದೇ ದಿಕ್ಕಿನಿಂದ ಬನ್ನಿ. ಮುಳ್ಳು ಅಲ್ಲೇ ನಿಂತರೆ ಹೆಜ್ಜೆ ತಪ್ಪಿಲ್ಲ. ಸರಿದಿದ್ದರೆ ವೇಗ ಅಥವಾ ವೇಗೋತ್ಕರ್ಷ ಇಳಿಸಿ.

ಮುಂದೆ ಜೆಡ್ ಅಕ್ಷವನ್ನು 50 ಮಿಲಿಮೀಟರ್ ಮೇಲಿಟ್ಟು ಗಾಳಿಯಲ್ಲೇ ಒಂದು ಪ್ರೋಗ್ರಾಂ ಓಡಿಸಿ. ಆಮೇಲೆ ಎಂಡಿಎಫ್ ತುಂಡಿನ ಮೇಲೆ. ಕೊನೆಗೆ ಹಳೆ ವ್ಯವಸ್ಥೆಯಲ್ಲಿ ಮಾಡಿದ್ದ ಅದೇ ಪರೀಕ್ಷೆಯ ಪೀಸ್. ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆಯಿರಿ. ಕೂಡದಿದ್ದರೆ ಕಾರಣ ಸಿಗುವವರೆಗೆ ಹಳೆ ಡಿಸ್ಕಿನ ನಕಲು ಹಾಕಿಕೊಂಡು ಗಿರಾಕಿಯ ಕೆಲಸ ಮುಗಿಸಿ.

ಕೂಡಿದರೆ ಈಗಿನ ಎಸ್‌ಎಸ್‌ಡಿಯ ನಕಲನ್ನೂ ಕ್ಲೋನ್‌ಜಿಲ್ಲಾದಿಂದ ತೆಗೆಯಿರಿ. ಅಪ್‌ಡೇಟ್ ಬಂದಾಗಲೆಲ್ಲ ಹಾಕಬೇಡಿ. ಕರ್ನೆಲ್ (ಸಿಸ್ಟಂನ ತಿರುಳು) ಬದಲಾದರೆ ಲೇಟೆನ್ಸಿ ಟೆಸ್ಟ್ ಮತ್ತೆ ಮೊದಲಿಂದ ಆಗಬೇಕು. ಇಂಟರ್‌ನೆಟ್ ಕೇಬಲ್ ಕಿತ್ತಿಡಿ, ಯುಪಿಎಸ್ ಹಾಕಿ. ಎತ್ತಿಟ್ಟ ಡಿಸ್ಕುಗಳ ಮೇಲೆ ತಾರೀಖು, ಮಷೀನಿನ ಹೆಸರು, ಆವೃತ್ತಿ ಬರೆದು ಚೀಟಿ ಅಂಟಿಸಿ. ಅವು ಇರಬೇಕಾದದ್ದು ಮಷೀನಿನ ಪಕ್ಕದ ಡ್ರಾಯರಿನಲ್ಲಲ್ಲ, ಆಫೀಸಿನ ಒಣ ಕಪಾಟಿನಲ್ಲಿ.